ಕಥೆಗೆ ನೆನಪಿದೆಯೇ: ಪ್ರೇಮದ ಮಾಂಗಾಗಳಲ್ಲಿ ಒಪ್ಪಿಗೆಯ ಪ್ರಶ್ನೆ

ಯೋಕೊ ಕಾಮಿಯೊ ಅವರ ಮಾಂಗಾ (ಜಪಾನೀ ಕಾಮಿಕ್ಸ್) ‘ಹಾನಾ ಯೋರಿ ದಾಂಗೊ’ 1992ರಲ್ಲಿ ಜಪಾನಿನ ‘ಮಾರ್ಗರೆಟ್’ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಶುರುವಾಯಿತು. ಸಿರಿವಂತರ ಮಕ್ಕಳೇ ತುಂಬಿರುವ ಎಯ್ತೋಕು ಶಾಲೆಗೆ ಸಾಧಾರಣ ಮನೆಯ ತ್ಸುಕುಶಿ ಮಾಕಿನೊ ಎಂಬ ಹುಡುಗಿ ಸೇರಿರುತ್ತಾಳೆ. ಆ ಶಾಲೆಯನ್ನು ತಮ್ಮ ಅಂಕೆಯಲ್ಲಿಟ್ಟುಕೊಂಡಿರುವ ನಾಲ್ವರು ಹುಡುಗರ ಮುಂದಾಳು ತ್ಸುಕಾಸಾ ದೋಮ್ಯೋಜಿ. ಅವನ ಕಡೆಯಿಂದ ಯಾರ ಲಾಕರಿಗೆ ಕೆಂಪು ಚೀಟಿ ಬಂತೋ ಅವರನ್ನು ಇಡೀ ಶಾಲೆ ಸೇರಿ ಗೋಳುಹೊಯ್ದುಕೊಳ್ಳಬಹುದು. ತ್ಸುಕುಶಿಗೂ ಆ ಚೀಟಿ ಬರುತ್ತದೆ. ಕೆಲವು ಹುಡುಗರು ಅವಳ ಮೈಮೇಲೆ ಬೀಳುವ ಮಟ್ಟಕ್ಕೆ ವಿಷಯ ಹೋಗಿ, ರುಯಿ ಹಾನಾಜಾವಾ ಎಂಬವನು ನಡುವೆ ಬಂದದ್ದರಿಂದ ಅವಳು ಪಾರಾಗುತ್ತಾಳೆ. ಮುಂದೊಮ್ಮೆ ದೋಮ್ಯೋಜಿಯೇ ಹೊಟ್ಟೆಕಿಚ್ಚಿನಿಂದ ಅವಳ ಮೇಲೆ ಬಲವಂತಕ್ಕೆ ಇಳಿದು, ಅವಳು ಅಳತೊಡಗಿದ ಮೇಲೆ ಕೈಬಿಡುತ್ತಾನೆ. ಹತ್ತು ವರ್ಷಕ್ಕೂ ಮಿಕ್ಕಿ ನಡೆದ ಆ ಕಥೆಯ ನಾಯಕ ಅವನೇ. ತೈವಾನಿನಲ್ಲಿ 2001ರಲ್ಲಿ, ಕೊರಿಯಾದಲ್ಲಿ 2009ರಲ್ಲಿ ಇದು ಟಿವಿ ಧಾರಾವಾಹಿಯಾಗಿ ಏಷ್ಯಾದ ಉದ್ದಗಲಕ್ಕೂ ಹರಡಿತು.

ಇಂಥ ಕಥೆಗಳನ್ನು ಕುರಿತ ಚರ್ಚೆ ಸಾಮಾನ್ಯವಾಗಿ ಎರಡೇ ಮಾತಿನಲ್ಲಿ ಮುಗಿದುಬಿಡುತ್ತದೆ. ಇದು ಹುಡುಗಿಯರ ತಲೆ ಕೆಡಿಸುತ್ತದೆ ಎಂದು ಒಂದು ಪಕ್ಷ ಹೇಳುತ್ತದೆ, ಇದು ಬರೀ ಕಲ್ಪನೆ, ಓದುವವರಿಗೆ ಅಷ್ಟು ತಿಳಿಯದೇ ಎಂದು ಇನ್ನೊಂದು ಪಕ್ಷ ಹೇಳುತ್ತದೆ. ನನಗೆ ಈ ಎರಡೂ ಮಾತುಗಳಿಂದ ಹೆಚ್ಚೇನೂ ದಕ್ಕಿಲ್ಲ. ಬಲವಂತವನ್ನು ಚಿತ್ರಿಸಿದ್ದೇ ತಪ್ಪು ಎಂದು ನಾನು ಹೇಳಲಾರೆ, ಏಕೆಂದರೆ ಅದನ್ನು ಚಿತ್ರಿಸಿದ ಮಾಂಗಾಗಳಲ್ಲಿ ಕೆಲವು ಈ ಪ್ರಕಾರದ ಶ್ರೇಷ್ಠ ಕೃತಿಗಳೂ ಹೌದು. ನಾನು ನೋಡುವುದು ಬೇರೆಯದನ್ನು: ನಡೆದದ್ದು ಕಥೆಗೆ ನೆನಪಿದೆಯೇ? ಎರಡನೇ ಸಂಪುಟದಲ್ಲಿ ಆದ ಗಾಯ ಹತ್ತನೇ ಸಂಪುಟದ ಹೊತ್ತಿಗೆ ಆ ಹುಡುಗಿಯ ಮೈಮನಸ್ಸಿನಲ್ಲಿ ಎಲ್ಲಾದರೂ ಉಳಿದಿದೆಯೇ, ಇಲ್ಲ ಆ ಪುಟಗಳು ಯಾರೋ ಬೇರೆಯವರ ಕಥೆಯಿಂದ ಬಂದು ಸೇರಿದಂತೆ ಅಳಿಸಿಹೋಗಿವೆಯೇ?

‘ಹಾನಾ ಯೋರಿ ದಾಂಗೊ’ ಮರೆಯುತ್ತದೆ. ತ್ಸುಕುಶಿಗೆ ಕೆಚ್ಚಿದೆ, ಅವಳು ತಿರುಗಿ ಹೊಡೆಯುತ್ತಾಳೆ, ಅದಕ್ಕಾಗಿಯೇ ಅವಳು ಇಷ್ಟವಾಗುತ್ತಾಳೆ. ಆದರೆ ತನ್ನನ್ನು ಬೇಟೆಗೆ ಒಡ್ಡಿದವನ ಪಕ್ಕದಲ್ಲಿ ಕೂತಾಗ ಅವಳ ಮೈ ಒಮ್ಮೆಯಾದರೂ ಹಿಂಜರಿಯಬೇಕಿತ್ತು, ಹಾಗೆ ಆಗುವುದು ಕಾಣುವುದಿಲ್ಲ. ಅದರ ಬದಲಿಗೆ ನಮಗೆ ಸಿಗುವುದು ದೋಮ್ಯೋಜಿಯ ಬಾಲ್ಯ: ಮನೆಯಲ್ಲಿಲ್ಲದ ತಂದೆತಾಯಿ, ಕಲ್ಲೆದೆಯ ತಾಯಿ, ದೊಡ್ಡ ಬಂಗಲೆಯ ಒಂಟಿತನ. ಅವನ ನೋವು ಬೆಳೆದಷ್ಟೂ ಅವಳ ನೋವು ಪುಟದಿಂದ ಜಾರುತ್ತದೆ. ಇದಕ್ಕೆ ಲೇಖಕಿಯೊಬ್ಬರನ್ನೇ ದೂರುವುದು ಸರಿಯಲ್ಲ, ಧಾರಾವಾಹಿಯ ಕಸುಬೂ ಇದರಲ್ಲಿ ಪಾಲುದಾರ. ಜಪಾನಿನ ಮಾಂಗಾ ಪತ್ರಿಕೆಗಳು ಓದುಗರ ಅಭಿಪ್ರಾಯ ಕಾರ್ಡುಗಳನ್ನು ತರಿಸಿಕೊಂಡು ಯಾವ ಕಥೆ, ಯಾವ ಪಾತ್ರ ಹಿಡಿಸುತ್ತಿದೆ ಎಂದು ಲೆಕ್ಕ ಹಾಕುತ್ತ ಬಂದಿವೆ. ಕಥೆ ಎಲ್ಲಿಗೆ ಹೋಗುತ್ತದೆ ಎಂಬುದು ಮೊದಲೇ ತೀರ್ಮಾನವಾಗಿರುವುದಿಲ್ಲ. ಮೊದಲ ಅಧ್ಯಾಯಗಳಲ್ಲಿ ಖಳನಾಗಿ ಬಂದವನು ಓದುಗರಿಗೆ ಹಿಡಿಸಿದರೆ ಅವನನ್ನೇ ನಾಯಕನನ್ನಾಗಿ ಬೆಳೆಸಬೇಕಾಗುತ್ತದೆ, ಅಚ್ಚಾದ ಹಳೆಯ ಪುಟಗಳನ್ನು ಮಾತ್ರ ಹಿಂದಕ್ಕೆ ಪಡೆಯಲಾಗುವುದಿಲ್ಲ.

ಚಿತ್ರದ ಭಾಷೆಯೂ ಈ ಮರೆವಿಗೆ ನೆರವಾಗುತ್ತದೆ. ಶೋಜೊ ಮಾಂಗಾದ, ಅಂದರೆ ಹುಡುಗಿಯರಿಗಾಗಿ ಬರೆಯುವ ಮಾಂಗಾದ, ಪುಟದಲ್ಲಿ ಚೌಕಟ್ಟಿನ ಗೆರೆಗಳು ಕರಗುತ್ತವೆ, ಹಿನ್ನೆಲೆ ಬಿಳಿಯಾಗುತ್ತದೆ ಅಥವಾ ಹೂವಾಗುತ್ತದೆ, ಹುಡುಗಿಯ ಕಣ್ಣು ಅರ್ಧ ಪುಟವನ್ನು ಆವರಿಸುತ್ತದೆ, ಪಕ್ಕದಲ್ಲಿ ಎದೆಬಡಿತದ ಅಕ್ಷರಗಳು ಮೂಡುತ್ತವೆ. ಹೆದರಿದವಳ ಎದೆಯೂ ಒಲಿದವಳ ಎದೆಯೂ ಅಲ್ಲಿ ಒಂದೇ ರೀತಿ ಬಡಿದುಕೊಳ್ಳುತ್ತವೆ, ಯಾವುದು ಯಾವುದೆಂದು ತೀರ್ಮಾನಿಸುವುದು ಮುಂದಿನ ಪುಟ. ಹುಡುಗಿಯನ್ನು ಗೋಡೆಗೆ ಒತ್ತರಿಸಿ, ಅವಳ ತಲೆಯ ಪಕ್ಕದ ಗೋಡೆಗೆ ಅಂಗೈ ಬಡಿದು ನಿಲ್ಲುವ ಭಂಗಿಗೆ ಜಪಾನಿನಲ್ಲಿ ‘ಕಾಬೆದೋನ್’ ಎನ್ನುತ್ತಾರೆ. ‘ಎಲ್‌ಡಿಕೆ’ ಎಂಬ ಮಾಂಗಾ 2014ರಲ್ಲಿ ಸಿನಿಮಾ ಆದಾಗ ಈ ಭಂಗಿ ಎಷ್ಟು ಪ್ರಚಾರ ಪಡೆಯಿತೆಂದರೆ ಆ ವರ್ಷದ ಹತ್ತು ಜನಪ್ರಿಯ ನುಡಿಗಳ ಪಟ್ಟಿಯಲ್ಲಿ ಆ ಪದವೂ ಇತ್ತು. ಹುಡುಗನ ಮುಖವನ್ನು ಕೆಳಗಿನಿಂದ, ಅಂದರೆ ಸಿಕ್ಕಿಕೊಂಡವಳ ಕಣ್ಣಿನಿಂದ ತೋರಿಸುವುದು ರೂಢಿ. ಅದೇ ದೃಶ್ಯವನ್ನು ಹತ್ತು ಹೆಜ್ಜೆ ದೂರದಿಂದ, ಇಬ್ಬರ ಇಡೀ ಮೈ ಕಾಣುವಂತೆ ಬರೆದರೆ ಅದು ಪ್ರೇಮದ ದೃಶ್ಯವಾಗಿ ಉಳಿಯುವುದು ಕಷ್ಟ.

ಈ ಬಗೆಯ ಕಥೆಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಮಿಕಿ ಐಹಾರಾ ಅವರ ‘ಹಾಟ್ ಗಿಮಿಕ್’. 2000ದಿಂದ 2005ರವರೆಗೆ ‘ಬೆಟ್ಸುಕೋಮಿ’ ಪತ್ರಿಕೆಯಲ್ಲಿ ಬಂದು ಹನ್ನೆರಡು ಸಂಪುಟಗಳಾದ ಕೃತಿ ಇದು. ಹಾತ್ಸುಮಿ ನಾರಿತಾಳ ಕುಟುಂಬ ಇರುವುದು ತಂದೆ ಕೆಲಸ ಮಾಡುವ ಕಂಪನಿಯ ವಸತಿಗೃಹದಲ್ಲಿ. ಅಲ್ಲಿ ರ್ಯೋಕಿ ತಾಚಿಬಾನಾ ಎಂಬ ಹುಡುಗನ ತಾಯಿಯದೇ ದರ್ಬಾರು, ಏಕೆಂದರೆ ಅವಳ ಗಂಡ ಕಂಪನಿಯಲ್ಲಿ ಮೇಲಿನ ಹುದ್ದೆಯವನು. ಅವಳ ಕಣ್ಣು ಕೆಂಪಾದರೆ ಆ ಕಟ್ಟಡದಲ್ಲಿ ಬಾಳುವುದೇ ಕಷ್ಟ. ತಂಗಿ ಆಕಾನೆಗೆ ಮುಟ್ಟು ನಿಂತಿದೆ ಎಂಬ ಆತಂಕದಲ್ಲಿ ಹಾತ್ಸುಮಿ ಗುಟ್ಟಾಗಿ ಗರ್ಭಪರೀಕ್ಷೆಯ ಕಿಟ್ ಕೊಂಡು ತರುತ್ತಾಳೆ, ಅದು ರ್ಯೋಕಿಯ ಕೈಗೆ ಸಿಗುತ್ತದೆ. ಬಾಯಿ ಮುಚ್ಚಿಕೊಂಡಿರಬೇಕಾದರೆ ನೀನು ನನ್ನ ಆಳಾಗಿರಬೇಕು ಎಂಬುದು ಅವನ ಷರತ್ತು.

ಲೇಖಕಿಗೆ ಅಧಿಕಾರ ಎಂದರೇನು ಎಂದು ಚೆನ್ನಾಗಿಯೇ ಗೊತ್ತಿದೆ. ಹಾತ್ಸುಮಿ ಬೇಡ ಎನ್ನದಿರುವುದಕ್ಕೆ ಅವಳ ಅಂಜುಬುರುಕುತನ ಒಂದೇ ಕಾರಣವಲ್ಲ, ಅವಳು ಬೇಡ ಎಂದರೆ ಅದರ ಬೆಲೆ ತೆರಬೇಕಾದವರು ಅವಳ ತಂದೆ, ತಾಯಿ, ತಂಗಿ. ಮೆಟ್ಟಿಲ ಮೇಲೆ, ಲಿಫ್ಟಿನ ಬಾಗಿಲಲ್ಲಿ, ಕಟ್ಟಡದ ಹೆಂಗಸರೆಲ್ಲ ನೋಡುವಂಥ ಜಾಗಗಳಲ್ಲಿ ಅವನು ಎದುರಾಗುತ್ತಾನೆ, ಅವಳಿಗೆ ಪಕ್ಕಕ್ಕೆ ಸರಿಯಲು ಜಾಗವೇ ಇಲ್ಲ. ಇಷ್ಟು ಕರಾರುವಾಕ್ಕಾಗಿ ಕಟ್ಟಿದ ಪಂಜರವನ್ನು ಕಥೆ ಕೊನೆಗೆ ಪಂಜರವೆಂದು ಕರೆಯುವುದೇ ಇಲ್ಲ. ರ್ಯೋಕಿಗೆ ಪ್ರೀತಿಸುವ ಬಗೆ ಗೊತ್ತಿಲ್ಲ, ಪಾಪ, ಅಷ್ಟೇ ಎಂಬಂತೆ ಸಾಗಿ ಇಬ್ಬರನ್ನೂ ಜೊತೆಗೂಡಿಸುತ್ತದೆ.

ಜಪಾನಿನ ದಂಡಸಂಹಿತೆಗೆ 2023ರಲ್ಲಿ ಆದ ತಿದ್ದುಪಡಿಯನ್ನು ಓದುವಾಗ ನನಗೆ ಥಟ್ಟನೆ ನೆನಪಾದದ್ದು ಈ ವಸತಿಗೃಹ. ಅದಕ್ಕೆ ಮುಂಚೆ ಅಲ್ಲಿ ಅತ್ಯಾಚಾರದ ಆರೋಪ ನಿಲ್ಲಬೇಕಾದರೆ ಹಲ್ಲೆ ಅಥವಾ ಬೆದರಿಕೆ ನಡೆದಿತ್ತೆಂದು ಸಾಮಾನ್ಯವಾಗಿ ತೋರಿಸಬೇಕಿತ್ತು. ಆ ವರ್ಷದ ಜುಲೈ 13ರಿಂದ ಜಾರಿಗೆ ಬಂದ ಕಾನೂನು ಒಪ್ಪಿಗೆಯಿಲ್ಲದ ಸಂಭೋಗವನ್ನೇ ಅಪರಾಧದ ಹೆಸರಾಗಿಸಿ, ಬೇಡ ಎನ್ನಲು ಆಗದ ಸ್ಥಿತಿಗೆ ಕಾರಣವಾಗುವ ಎಂಟು ಬಗೆಗಳನ್ನು ಪಟ್ಟಿ ಮಾಡಿತು. ಅನಿರೀಕ್ಷಿತವಾದುದು ಎದುರಾಗಿ ಹೆದರಿಕೆಯಿಂದಲೋ ದಿಗ್ಭ್ರಮೆಯಿಂದಲೋ ಮರಗಟ್ಟುವುದು ಅದರಲ್ಲೊಂದು. ಆರ್ಥಿಕ ಇಲ್ಲವೇ ಸಾಮಾಜಿಕ ಸ್ಥಾನದ ಬಲದಿಂದ ತನಗೆ ಕೇಡಾದೀತೆಂಬ ಅಳುಕು ಹುಟ್ಟಿಸುವುದು ಇನ್ನೊಂದು. 1907ರ ಸಂಹಿತೆಯಿಂದ ಹದಿಮೂರಕ್ಕೇ ನಿಂತಿದ್ದ ಒಪ್ಪಿಗೆಯ ವಯಸ್ಸು ಹದಿನಾರಕ್ಕೆ ಏರಿದ್ದೂ ಇದೇ ತಿದ್ದುಪಡಿಯಲ್ಲಿ. ಕಾನೂನು ಇಷ್ಟು ತಡವಾಗಿ ಬರೆದುಕೊಂಡ ಸಂಗತಿಯನ್ನು ಹುಡುಗಿಯರ ಪತ್ರಿಕೆಯ ಒಂದು ಧಾರಾವಾಹಿ ಎಷ್ಟೋ ವರ್ಷ ಮೊದಲೇ ಚಿತ್ರಗಳಲ್ಲಿ ವಿವರಿಸಿತ್ತು. ವಿವರಿಸಿ, ಅದನ್ನು ಪ್ರಣಯವೆಂದು ಮಾರಿತ್ತು. ಆ ಕೃತಿಯ ಮೇಲೆ ನನಗಿರುವ ಮೆಚ್ಚುಗೆಯೂ ಸಿಟ್ಟೂ ಇಲ್ಲಿಂದಲೇ ಬಂದವು.

ಹಾಗಾದರೆ ಹುಡುಗಿಯರು ಇದನ್ನೇಕೆ ಇಷ್ಟಪಡುತ್ತಾರೆ? ತಿಳಿಗೇಡಿಗಳಾದ್ದರಿಂದ ಅಲ್ಲ. ತನಗೆ ಬೇಕು ಎಂದು ಹುಡುಗಿ ಬಾಯಿಬಿಟ್ಟು ಹೇಳಿದರೆ ಹೆಸರು ಕೆಡುವ ಸಮಾಜದಲ್ಲಿ, ಅವಳೇನೂ ಹೇಳದೆ, ಏನನ್ನೂ ಒಪ್ಪಿಕೊಳ್ಳದೆ, ಎಲ್ಲವೂ ತಾನಾಗಿ ಮೇಲೆ ಬಂದು ಬೀಳುವ ಕಥೆ ಒಂದು ಬಗೆಯ ಬಿಡುಗಡೆ. ತಪ್ಪೆಲ್ಲ ಹುಡುಗನದು, ಆಸೆಯ ಸುಖ ಮಾತ್ರ ತನ್ನದು. ಇದನ್ನು ಅರ್ಥ ಮಾಡಿಕೊಳ್ಳಲು ನಮಗೆ ಜಪಾನಿನವರೆಗೆ ಹೋಗುವ ಅಗತ್ಯವೂ ಇಲ್ಲ. ಒಲ್ಲೆ ಎಂದವಳ ಹಿಂದೆ ಬೀದಿಬೀದಿ ಅಲೆದು, ಹಾಡಿ, ಪೀಡಿಸಿ ಕೊನೆಗೆ ಒಪ್ಪಿಸುವ ನಾಯಕರಿಗೆ ನಮ್ಮ ಚಿತ್ರಮಂದಿರಗಳಲ್ಲಿ ಶಿಳ್ಳೆ ಹೊಡೆದು ಬಂದವರೇ ಮಗಳು ಮೊಬೈಲಿನಲ್ಲಿ ಇಂಗ್ಲಿಷಿನ ಮಾಂಗಾ ಓದುತ್ತಿದ್ದರೆ ಗಾಬರಿಯಾಗುವುದನ್ನು ನಾನು ಬಲ್ಲೆ.

ನೆನಪನ್ನೇ ಕಥೆಯ ಮೈಯಾಗಿಸಿಕೊಂಡ ಕೃತಿಯೆಂದರೆ ಮೋಟೊ ಹಾಗಿಯೊ ಅವರ ‘ಜಾನ್ಕೊಕು ನಾ ಕಾಮಿ ಗಾ ಶಿಹಾಯ್ ಸುರು’. 1992ರಲ್ಲಿ ಆರಂಭವಾದ, ಅಂದರೆ ದೋಮ್ಯೋಜಿಯ ಜೊತೆಯಲ್ಲೇ ಹುಟ್ಟಿದ ಈ ಧಾರಾವಾಹಿ 2001ರವರೆಗೆ ನಡೆಯಿತು. 1997ರಲ್ಲಿ ತೆಜುಕಾ ಒಸಾಮು ಸಾಂಸ್ಕೃತಿಕ ಪ್ರಶಸ್ತಿಯನ್ನು ಮೊದಲ ಬಾರಿಗೆ ಕೊಟ್ಟಾಗ ಇದಕ್ಕೂ ಒಂದು ಬಹುಮಾನ ಬಂತು. ಜೆರೆಮಿ ಎಂಬ ಹದಿಹರೆಯದ ಹುಡುಗನನ್ನು ಅವನ ತಾಯಿಯ ಎರಡನೇ ಗಂಡ ಗ್ರೆಗ್ ಶೋಷಿಸುತ್ತಾನೆ. ತಾಯಿಯ ಸುಖ ಕೆಡಬಾರದೆಂದು ಹುಡುಗ ಬಾಯಿ ಬಿಡುವುದಿಲ್ಲ. ಕೊನೆಗೆ ಗ್ರೆಗ್‌ನನ್ನು ಕೊಲ್ಲಲೆಂದು ಕಾರನ್ನು ಕೆಡಿಸುತ್ತಾನೆ, ಅಪಘಾತದಲ್ಲಿ ಅವನ ಜೊತೆ ತಾಯಿಯೂ ಸಾಯುತ್ತಾಳೆ. ಬೇರೆ ಯಾರಾದರೂ ಆಗಿದ್ದರೆ ಕಥೆಯನ್ನು ಅಲ್ಲಿಗೇ ಮುಗಿಸುತ್ತಿದ್ದರೇನೋ. ಹಾಗಿಯೊ ಅಲ್ಲಿಂದ ಹೊರಟು, ಉಳಿದ ದೀರ್ಘ ಭಾಗವನ್ನೆಲ್ಲ ಆಮೇಲೆ ಏನಾಯಿತು ಎಂಬುದಕ್ಕೇ ಮೀಸಲಿಡುತ್ತಾರೆ. ಸತ್ತ ಗ್ರೆಗ್ ಹುಡುಗನ ಕಣ್ಣಿಗೆ ಕಾಣುತ್ತಲೇ ಇರುತ್ತಾನೆ. ಗ್ರೆಗ್‌ನ ಮಗ ಇಯಾನ್ ಅವನನ್ನು ಕಾಪಾಡಲು ಹೊರಟು, ಕಾಪಾಡುವುದಕ್ಕೂ ಹಕ್ಕು ಚಲಾಯಿಸುವುದಕ್ಕೂ ನಡುವಿನ ಗೆರೆ ತಪ್ಪಿ ತಾನೇ ತೊಡಕಿನಲ್ಲಿ ಬೀಳುತ್ತಾನೆ. ಓದುವುದು ಸುಲಭವಲ್ಲ, ಅಲ್ಲಲ್ಲಿ ಎಳೆದಾಡಿದಂತೆಯೂ ಇದೆ. ಆದರೆ ಒಂದು ಗಾಯ ಮಾಯಲು ಎಷ್ಟು ಕಾಲ ಬೇಕೆಂಬುದನ್ನು ಪುಟಗಳ ಸಂಖ್ಯೆಯಿಂದಲೇ ಅನುಭವಕ್ಕೆ ತಂದ ಇನ್ನೊಂದು ಮಾಂಗಾ ನನಗೆ ಗೊತ್ತಿಲ್ಲ. ಇಲ್ಲಿ ಪೀಡಿತನು ಹುಡುಗ ಎಂಬುದೂ ಗಮನಿಸತಕ್ಕದ್ದು. ಕೇಯ್ಕೊ ತಾಕೆಮಿಯಾ 1976ರಲ್ಲೇ ‘ಕಾಜೆ ತೊ ಕಿ ನೊ ಉತಾ’ದಲ್ಲಿ ಹಿಡಿದಿದ್ದ ದಾರಿ ಅದು: ಹುಡುಗಿಯರು ತಮ್ಮದೇ ಮೈಯ ಭಯವನ್ನು ಹುಡುಗನೊಬ್ಬನ ಮೈಯಲ್ಲಿಟ್ಟು, ತುಸು ದೂರ ನಿಂತು ನೋಡುವ ದಾರಿ.

ಆಕಾನೆ ತೋರಿಕಾಯ್ ಅವರ ‘ಸೆನ್ಸೇ ನೊ ಶಿರೊಯ್ ಉಸೊ’ಗೆ ಆ ಮರೆಯೂ ಬೇಕಾಗಲಿಲ್ಲ. 2013ರಿಂದ 2017ರವರೆಗೆ ಬಂದ ಈ ಮಾಂಗಾದ ಶಿಕ್ಷಕಿ ಮಿಸುಜುವಿನ ಮೇಲೆ ಅತ್ಯಾಚಾರ ಎಸಗಿದವನು ಅವಳ ಗೆಳತಿಯನ್ನೇ ಮದುವೆಯಾಗಲಿರುವವನು. 2024ರಲ್ಲಿ ಇದು ಸಿನಿಮಾ ಆಗಿ ತೆರೆಗೆ ಬರುವ ಹೊತ್ತಿಗೆ ಇನ್ನೊಂದು ಸಂಗತಿ ಹೊರಬಿತ್ತು. ಇಂಥ ದೃಶ್ಯಗಳ ಚಿತ್ರೀಕರಣದಲ್ಲಿ ನಟರ ಒಪ್ಪಿಗೆಯನ್ನು ಕಾಯುವ ಪರಿಣತರೊಬ್ಬರು ಬೇಕೆಂದು ನಾಯಕಿ ಕೇಳಿಕೊಂಡಿದ್ದರೂ ನೇಮಿಸಿಕೊಳ್ಳಲಿಲ್ಲ ಎಂದು ನಿರ್ದೇಶಕರೇ ಸಂದರ್ಶನದಲ್ಲಿ ಹೇಳಿದ್ದರು. ಟೀಕೆ ಜೋರಾಗಿ, ಬಿಡುಗಡೆಯ ದಿನ ವೇದಿಕೆಯ ಮೇಲೆ ಕ್ಷಮೆ ಕೇಳಬೇಕಾಯಿತು.

ಈಚಿನ ಪ್ರೇಮಕಥೆಗಳು ಬದಲಾಗಿವೆಯೇ ಎಂದರೆ, ಬದಲಾಗಿವೆ. 2019ರಲ್ಲಿ ‘ಡೆಸರ್ಟ್’ ಪತ್ರಿಕೆಯಲ್ಲಿ ಶುರುವಾದ ‘ಯುಬಿಸಾಕಿ ತೊ ರೆನ್ರೆನ್’ನಲ್ಲಿ ಯುಕಿ ಎಂಬ ವಿದ್ಯಾರ್ಥಿನಿಗೆ ಕಿವಿ ಕೇಳಿಸುವುದಿಲ್ಲ. ಇತ್ಸುಓಮಿ ಅವಳೊಡನೆ ಏನಾದರೂ ಹೇಳಬೇಕಾದರೆ ಮೊದಲು ಅವಳ ಕಣ್ಣೆದುರಿಗೆ ಬಂದು ನಿಲ್ಲಬೇಕು, ಅವಳು ತುಟಿಯನ್ನೋ ಕೈಯನ್ನೋ ಓದುವಷ್ಟು ಹೊತ್ತು ಕಾಯಬೇಕು. ನಿನ್ನ ಲೋಕದೊಳಗೆ ನನ್ನನ್ನೂ ಸೇರಿಸಿಕೋ ಎಂದು ಅವನು ಕೇಳುತ್ತಾನೆ. ಆದರೂ ಕೇಳದೆ ತಲೆ ನೇವರಿಸುವ ಹಳೆಯ ಚಾಳಿ ಅವನನ್ನೂ ಬಿಟ್ಟಿಲ್ಲ, ಅದನ್ನು ಚಿತ್ರಿಸುವಾಗ ಹೂವುಗಳು ಇಂದಿಗೂ ಅರಳುತ್ತವೆ. ಈ ಬಗೆಯ ಸಜ್ಜನ ನಾಯಕರು ಹೆಚ್ಚಿದ್ದು ನನಗೆ ಸಂತೋಷವೇ, ಆದರೆ ಇವರ ಕಥೆಗಳಿಗೆ ನೆನಪಿನ ಪರೀಕ್ಷೆ ಎದುರಾಗುವುದಿಲ್ಲ, ಏಕೆಂದರೆ ಮರೆಯಬೇಕಾದದ್ದು ಅಲ್ಲಿ ಹೆಚ್ಚೇನೂ ನಡೆಯುವುದಿಲ್ಲ.

ಆ ಪರೀಕ್ಷೆಗೆ ತಾನಾಗಿ ಒಡ್ಡಿಕೊಂಡ ಪ್ರೇಮಕಥೆ ಆಯ್ ಯಾಜಾವಾ ಅವರ ‘ನಾನಾ’. ಹಾಚಿ ಎಂದು ಕರೆಸಿಕೊಳ್ಳುವ ಹುಡುಗಿಗೆ ಪ್ರಸಿದ್ಧ ಬ್ಯಾಂಡಿನ ತಾಕುಮಿಯ ನಂಟು ಬೆಳೆಯುತ್ತದೆ. ಆಮೇಲೆ ಅವಳ ಮನಸ್ಸು ನೋಬು ಎಂಬ ಮೃದು ಸ್ವಭಾವದವನ ಕಡೆ ವಾಲುತ್ತದೆ. ಅಷ್ಟರಲ್ಲಿ ಅವಳು ಬಸುರಿ, ಮಗು ಯಾರದೆಂದು ಖಚಿತವಿಲ್ಲ. ಯಾರದಾದರೂ ಸರಿ, ನಾನು ಸಾಕುತ್ತೇನೆ ಎಂದು ತಾಕುಮಿ ತೀರ್ಮಾನಿಸಿಬಿಡುತ್ತಾನೆ. ಅವನು ಕೂಗಾಡುವುದಿಲ್ಲ. ಮನೆ ನೋಡುತ್ತಾನೆ, ಖರ್ಚು ಹೊರುತ್ತಾನೆ, ಎಲ್ಲವನ್ನೂ ಅಚ್ಚುಕಟ್ಟಾಗಿ ಏರ್ಪಾಡು ಮಾಡುತ್ತಾನೆ, ಅವಳ ಇಷ್ಟವೇನೆಂದು ಕೇಳುವುದನ್ನೊಂದು ಬಿಟ್ಟು. ಯಾಜಾವಾ ಅವನನ್ನು ರಾಕ್ಷಸನಾಗಿಯೂ ಬರೆಯುವುದಿಲ್ಲ, ಪಾಪದವನಾಗಿಯೂ ಬರೆಯುವುದಿಲ್ಲ. ಬದುಕಿನ ಭದ್ರತೆಗಾಗಿ ಹಾಚಿ ಆ ಕೈಯನ್ನು ಹಿಡಿದಳೆಂಬುದನ್ನೂ ಮುಚ್ಚಿಡುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು, ಈ ಕಥೆಯನ್ನು ಹಾಚಿ ಹೇಳುತ್ತಿರುವುದು ಎಷ್ಟೋ ವರ್ಷಗಳ ಆಚೆಯಿಂದ. ನಗುವಿನ ದೃಶ್ಯಗಳ ಮೇಲೂ ಮುಂದೆ ಆಗಲಿರುವುದನ್ನು ಬಲ್ಲ ಆ ದನಿ ತೇಲಿಬರುತ್ತದೆ. ಆದ್ದರಿಂದ ಇಲ್ಲಿ ಯಾವ ಪುಟವೂ ಅಳಿಸಿಹೋಗುವುದಿಲ್ಲ. ಲೇಖಕಿಯ ಅನಾರೋಗ್ಯದಿಂದ 2009ರಲ್ಲಿ ಧಾರಾವಾಹಿ ನಿಂತಿತು, ಇಪ್ಪತ್ತೊಂದು ಸಂಪುಟಗಳಾಚೆ ಕಥೆ ಮುಂದುವರಿದಿಲ್ಲ. ಹಾಚಿ ಆ ಮದುವೆಯನ್ನು ಕೊನೆಗೆ ಏನು ಮಾಡಿಕೊಂಡಳೆಂದು ಓದುಗರು ಇನ್ನೂ ವಾದಿಸುತ್ತಿದ್ದಾರೆ, ಅವಳು ಹೊರಟುಹೋಗಬೇಕಿತ್ತು ಎನ್ನುವವರ ಕಡೆಗೇ ನನ್ನ ಮತ.