ಬಟ್ಟೆ ಮೆತ್ತಗೆ, ಹೊಲಿಗೆ ಖಡಕ್

ನನ್ನ ಭುಜ ಅಗಲ. ಎತ್ತರ ಇದ್ದೇನೆ, ಕೈಕಾಲು ಉದ್ದ, ಮೂಗು ನೆಟ್ಟಗೆ, ದವಡೆಯ ಗೆರೆ ಎದ್ದು ಕಾಣುತ್ತದೆ. ಜೊತೆಗೆ ಮೈ ತುಂಬಿಕೊಂಡಿದೆ, ಕೆನ್ನೆ ದುಂಡಗಿದೆ, ಸೊಂಟಕ್ಕೆ ಒಳ್ಳೇ ತಿರುವಿದೆ. ಇಂಥ ಮೈಕಟ್ಟಿನವರು ಬಟ್ಟೆ ಅಂಗಡಿಗೆ ಹೋದರೆ ಸಿಗುವ ಮಾತು ಎರಡೇ. ‘ನಿಮಗೆ ಹೈಟ್ ಇದೆ ಮೇಡಂ, ಏನು ಹಾಕಿದ್ರೂ ಒಪ್ಪುತ್ತೆ’ ಅನ್ನೋದು ಒಂದು. ‘ಸ್ವಲ್ಪ ಸಾಫ್ಟ್ ಆಗಿರೋದು ತೋರಿಸ್ತೀನಿ’ ಅಂತ ಪುಟ್ಟ ಹೂವಿನ ಪ್ರಿಂಟು, ಫ್ರಿಲ್ ತೋಳು, ಬೇಬಿ ಪಿಂಕು ತೆಗೆದು ಹರವೋದು ಇನ್ನೊಂದು. ಏನು ಹಾಕಿದರೂ ಒಪ್ಪಲ್ಲ. ಪುಟ್ಟ ಹೂವಂತೂ ಒಪ್ಪೋದೇ ಇಲ್ಲ, ಅಗಲ ಭುಜದ ಮೇಲೆ ಅದು ಕಳೆದೇ ಹೋಗುತ್ತದೆ.

ಈ ಮೈಕಟ್ಟಿಗೆ ಹೆಸರು ಕೊಟ್ಟವರು ನ್ಯೂಯಾರ್ಕಿನ ಸ್ಟೈಲಿಸ್ಟ್ ಡೇವಿಡ್ ಕಿಬ್ಬಿ. 1987ರಲ್ಲಿ ಬಂದ ಅವರ ಪುಸ್ತಕದಲ್ಲಿ ಹೆಂಗಸರ ಮೈಕಟ್ಟು 13 ಬಗೆ. ಚೀನಾದವರ ಯಿನ್, ಯಾಂಗ್ ಲೆಕ್ಕ ಅದಕ್ಕೆ ಆಧಾರ. ಉದ್ದ, ಚೂಪು, ನೇರ ಗೆರೆ ಎಲ್ಲ ಯಾಂಗ್. ಗುಂಡಗೆ, ಮೆತ್ತಗೆ, ಸಣ್ಣಗೆ ಇರುವುದೆಲ್ಲ ಯಿನ್. ಈ ಲೆಕ್ಕವನ್ನು ಉಡುಪಿಗೆ ಹಚ್ಚಿದ್ದು ಅವರೇ ಮೊದಲಲ್ಲ, 1930ರ ದಶಕದಲ್ಲೇ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನ ಬೆಲ್ ನಾರ್ತ್ರಪ್ ಇದನ್ನು ಬರೆದಿದ್ದರು. ಎಲುಬು ಉದ್ದ, ಚೂಪು, ಆದರೆ ಅದರ ಮೇಲಿನ ಮೈ ಮೆತ್ತಗೆ, ತುಂಬಿಕೊಂಡು ಇದ್ದರೆ ಕಿಬ್ಬಿಯವರ ಪ್ರಕಾರ ಅದು ‘ಸಾಫ್ಟ್ ಡ್ರಮ್ಯಾಟಿಕ್’. ಸೋಫಿಯಾ ಲಾರೆನ್ ಅವರನ್ನು ನೆನಪು ಮಾಡಿಕೊಂಡರೆ ಸಾಕು, ಎಂಥ ಮೈಕಟ್ಟು ಅಂತ ಗೊತ್ತಾಗುತ್ತದೆ.

ಇದನ್ನು ಜಾತಕದ ಹಾಗೆ ನಂಬಬೇಕು ಅಂತ ನಾನು ಹೇಳಲ್ಲ. ಅಂಗೈ ಅಗಲ ಎಷ್ಟು, ಮೂಗಿನ ತುದಿ ಹೇಗಿದೆ ಅಂತ ಫೋಟೋ ಮೇಲೆ ಗೆರೆ ಎಳೆದು ವಾರಗಟ್ಟಲೆ ಲೆಕ್ಕ ಹಾಕುವವರು ಇದ್ದಾರೆ, ಅದರಿಂದ ಬೀರು ಒಳಗೆ ಏನೂ ಬದಲಾಗಲ್ಲ. ನನಗೆ ಇದರಲ್ಲಿ ಬೆಲೆಯುಳ್ಳದ್ದು ಅನ್ನಿಸಿದ್ದು ಒಂದೇ ವಿಷಯ. ಮೈಯಲ್ಲಿ ಎರಡು ಗುಣ ಇದ್ದರೆ ಒಂದನ್ನು ಮುಚ್ಚಿ ಇನ್ನೊಂದನ್ನು ತೋರಿಸಲು ಹೋಗಬೇಡಿ. ಎರಡಕ್ಕೂ ಜಾಗ ಕೊಡಿ. ಆದರೆ ಬೇರೆ ಬೇರೆ ಜಾಗ ಕೊಡಿ.

ನನ್ನ ಪ್ರಕಾರ ಆ ಜಾಗ ಹೀಗೆ. ಮೆತ್ತಗಿರೋದು ಬಟ್ಟೆಯಲ್ಲಿ, ಅದು ಇಳಿಬೀಳುವ ರೀತಿಯಲ್ಲಿ. ಖಡಕ್ ಇರೋದು ಕಟಿಂಗಿನಲ್ಲಿ, ಹೊಲಿಗೆಯಲ್ಲಿ. ಇಳಿಬೀಳುವ ಬಟ್ಟೆ ಮೈಯ ತಿರುವಿನ ಜೊತೆ ಹೋಗುತ್ತದೆ. ಒಳ್ಳೇ ಕಟಿಂಗ್ ಎಲುಬಿನ ಜೊತೆ ಹೋಗುತ್ತದೆ, ಭುಜದ ತುದಿ, ಕತ್ತಿನ ಕೆಳಗಿನ ಮೂಳೆ, ಮಣಿಕಟ್ಟು. ಇದನ್ನು ತಿರುಗಾಮುರುಗಾ ಮಾಡಿದರೆ ಎಲ್ಲ ಕೆಡುತ್ತದೆ. ಗಟ್ಟಿ ಆರ್ಗಾಂಜಾದಲ್ಲಿ ಫ್ರಿಲ್ ಇಟ್ಟು ಹೊಲಿದಿರೋದನ್ನು ನೋಡಿದ್ದೀರಲ್ವಾ? ಅಲ್ಲಿ ಬಟ್ಟೆ ಸೆಟೆದು ನಿಂತಿರುತ್ತದೆ, ಹೊಲಿಗೆ ಮಾತ್ರ ಮೆತ್ತಗೆ ಇರಲು ನೋಡುತ್ತದೆ. ನಮ್ಮಂಥವರಿಗೆ ಅದಕ್ಕಿಂತ ಒಪ್ಪದ ಬಟ್ಟೆ ಇನ್ನೊಂದಿಲ್ಲ.

ಈಗ ಸೀರೆಗೆ ಬರುತ್ತೇನೆ, ಯಾಕಂದರೆ ಈ ಮೈಕಟ್ಟಿಗೆ ಸೀರೆಯಷ್ಟು ಒಪ್ಪುವ ಉಡುಪು ಬೇರೆ ಇಲ್ಲ ಅಂತ ನನಗೆ ಗಟ್ಟಿಯಾಗಿ ಅನ್ನಿಸಿದೆ. ಕಿಬ್ಬಿ ಈ ಬಗೆಯವರಿಗೆ ಹೇಳೋದೆಲ್ಲ ಏನು? ಉದ್ದನೆಯ ಗೆರೆ, ಮೈಮೇಲೆ ಇಳಿಬೀಳುವ ಬಟ್ಟೆ, ದೊಡ್ಡ ಗಾತ್ರದ ವಿನ್ಯಾಸ, ಭುಜ ಸ್ಪಷ್ಟವಾಗಿ ಕಾಣಬೇಕು. ಐದೂವರೆ ಮೀಟರ್ ಬಟ್ಟೆ ಮಾಡುವ ಕೆಲಸವೇ ಅದು.

ಆದರೆ ಯಾವ ಸೀರೆ? ಕಂಚಿ ಸೀರೆ ಚೆಂದ, ನಿಜ. ಆದರೆ ಅದರ ನೂಲು ದಪ್ಪ, ಜರಿ ಭಾರ, ನೆರಿಗೆ ಸೆಟೆದು ನಿಲ್ಲುತ್ತದೆ, ಅಗಲ ಭುಜದ ಮೇಲೆ ಇನ್ನಷ್ಟು ಅಗಲ ಸೇರಿಸುತ್ತದೆ. ಮೈಸೂರು ಸಿಲ್ಕ್ ಹಾಗಲ್ಲ. ಅದು ಕ್ರೇಪ್. ಕ್ರೇಪ್ ಅಂದರೆ ನೂಲನ್ನು ಬಿಗಿಯಾಗಿ ಹುರಿ ಮಾಡಿ ನೇಯ್ದ ಬಟ್ಟೆ. ಒಂದು ಎಳೆ ಎಡಕ್ಕೆ ಹುರಿಗೊಂಡಿದ್ದರೆ ಇನ್ನೊಂದು ಬಲಕ್ಕೆ. ನೇಯ್ದ ಮೇಲೆ ರೇಷ್ಮೆಯ ಅಂಟು ತೆಗೆದಾಗ ಆ ಹುರಿಗಳು ಒಳಗೊಳಗೇ ಎಳೆದುಕೊಳ್ಳುತ್ತವೆ, ಮೈಯೆಲ್ಲ ಸಣ್ಣ ತರಿ ತರಿ ಬರುತ್ತದೆ. ಬೆರಳಿಗೆ ಅದು ಗೊತ್ತಾಗುತ್ತದೆ, ಅಂಗಡಿಯಲ್ಲಿ ಒಮ್ಮೆ ಸವರಿ ನೋಡಿ. ಆ ಬಟ್ಟೆಗೆ ಭಾರ ಇದೆ, ಸೆಟೆತ ಇಲ್ಲ. ಸೊಂಟದಿಂದ ಪಾದದವರೆಗೆ ನೆರಿಗೆ ಒಂದೇ ಸಮನೆ ಇಳಿಯುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ, ಮೈಸೂರಿನಲ್ಲಿ ಶುರುವಾದ ಕಾರ್ಖಾನೆಯಲ್ಲಿ ಇವತ್ತಿಗೂ ಈ ಸೀರೆ ನೇಯುತ್ತಾರೆ, ಈಗ ಅದು ರಾಜ್ಯ ಸರ್ಕಾರದ ರೇಷ್ಮೆ ನಿಗಮ ಕೆಎಸ್‌ಐಸಿ ಕೈಯಲ್ಲಿದೆ. ಹಳೇ ಮಾದರಿಯದ್ದೇ ನನಗೆ ಇಷ್ಟ. ಒಡಲಿಗೆ ಒಂದೇ ಬಣ್ಣ, ಬುಟ್ಟಾ ಇಲ್ಲ, ಅಂಚಿಗೆ ಒಂದು ನೇರ ಜರಿ ಪಟ್ಟಿ. ಮೆತ್ತಗಿರೋ ಬಟ್ಟೆಯ ತುದಿಗೆ ಒಂದು ನೇರ ಗೆರೆ. ಅಷ್ಟೇ ಸಾಕು. ಈಚೆಗೆ ಬರುತ್ತಿರುವ ಮೈತುಂಬ ಡಿಸೈನಿನವು ಆ ಗೆರೆಯನ್ನೇ ನುಂಗಿಬಿಡುತ್ತವೆ.

ದಿನ ಉಡಲು ಇಳಕಲ್. ಇದರ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಒಡಲು ಹತ್ತಿಯದ್ದು, ನಾಲ್ಕು ಒಗೆತ ಕಂಡ ಮೇಲೆ ಹಾಲಿನ ಕೆನೆಯ ಹಾಗೆ ಮೆತ್ತಗಾಗುತ್ತದೆ. ಸೆರಗು ಮಾತ್ರ ಬೇರೆಯೇ. ಒಡಲಿನ ಹಾಸು, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಹಾಯುವ ನೂಲು ಬೇರೆ, ಸೆರಗಿನ ಹಾಸು ಬೇರೆ, ಎರಡನ್ನೂ ಕುಣಿಕೆ ಹಾಕಿ ಕೂಡಿಸಿ ನೇಯುತ್ತಾರೆ, ಹಾಗಾಗಿ ಒಡಲಿನ ಬಣ್ಣ ಮುಗಿದಲ್ಲಿ ಕೆಂಪು ತಟ್ಟನೆ ಶುರುವಾಗುತ್ತದೆ. ತೋಪು ತೆನಿ ಸೆರಗು ಅಂದರೆ ಇದೇ. ಕೆಂಪು, ಬಿಳಿ, ಕೆಂಪು, ಬಿಳಿ, ಕೆಂಪು. ಆ ಬಿಳಿ ಪಟ್ಟಿಯ ಅಂಚು ಸಪಾಟಾಗಿ ಇರೋದಿಲ್ಲ, ಹಲ್ಲು ಹಲ್ಲಾಗಿ ಕೆಂಪಿನೊಳಗೆ ನುಗ್ಗಿರುತ್ತದೆ. ಒಂದರಲ್ಲಿ ಬಾಚಣಿಗೆ, ಅದಕ್ಕೆ ಹಣಿಗೆ ಅನ್ನುತ್ತಾರೆ. ಇನ್ನೊಂದರಲ್ಲಿ ಕೋಟೆಯ ತೆನೆ. ದಡಿ ಅಗಲ, ಅದರಲ್ಲಿ ಗೋಮಿ, ಚಿಕ್ಕಿ ಅಂತ ಬಗೆಬಗೆ. ಒಂದೂ ಗುಂಡಗಿನ ಗೆರೆ ಇಲ್ಲದ, ಮುಲಾಜೇ ಇಲ್ಲದ ಸೆರಗು ಅದು. ಬಾಗಲಕೋಟೆ ಕಡೆಯ ಅಜ್ಜಿಯಂದಿರು ಅದನ್ನು ತಲೆಮೇಲೆ ಹೊದ್ದು ಸಂತೆಯಲ್ಲಿ ಕೂತಿರುವುದನ್ನು ನೋಡಿದರೆ, ಮೆತ್ತಗಿನದು ಮತ್ತು ಖಡಕ್ಕಾದದ್ದು ಒಂದೇ ಮೈಮೇಲೆ ಹೇಗೆ ಕೂಡಿಬರುತ್ತದೆ ಅನ್ನೋದಕ್ಕೆ ಬೇರೆ ಪುಸ್ತಕ ಬೇಡ.

ಒಂದು ವಿಷಯ ಮಾತ್ರ. ಈ ಸೆರಗನ್ನು ಸಣ್ಣ ಸಣ್ಣ ನೆರಿಗೆ ಹಿಡಿದು, ಇಸ್ತ್ರಿ ಹೊಡೆದು, ಪಿನ್ ಚುಚ್ಚಿ ಭುಜದ ಮೇಲೆ ಪಟ್ಟಿಯ ಹಾಗೆ ಕೂರಿಸಬೇಡಿ. ಭುಜ ಅಗಲ ಇದ್ದವರು ಒಂದೆಳೆಯಾಗಿ ಬಿಡಬೇಕು. ಭುಜದ ಮೇಲೆ ಒಂದೇ ಪಿನ್ನು, ಅಲ್ಲಿಂದ ತೋಳಿನ ಮೇಲೆ ಹರಡಿ ಮಣಿಕಟ್ಟಿನವರೆಗೆ ಬರಲಿ, ಹಿಂದೆ ಮೊಣಕಾಲಿನ ತನಕ ಇಳಿಯಲಿ. ನೇಕಾರರು ಹಾಕಿದ ಆ ಹಣಿಗೆ ಕಾಣಬೇಕು ಅಲ್ವಾ? ಅಗಲ ಭುಜ ಇರೋದೇ ಅದನ್ನು ತೋರಿಸೋಕೆ. ಮತ್ತೆ, ಗಂಜಿ ಹಾಕಬೇಡಿ. ಅದೇ ಹತ್ತಿ ಸೀರೆ ಗಂಜಿ ಕುಡಿದರೆ ಸೊಂಟದ ಹತ್ತಿರ ಉಬ್ಬಿ ನಿಲ್ಲುತ್ತದೆ. ತೆಳ್ಳಗೆ, ನೇರವಾಗಿ ಇರುವವರಿಗೆ ಅದು ಬಹಳ ಚೆನ್ನಾಗಿ ಕಾಣುತ್ತದೆ, ನಮಗಲ್ಲ.

ಇನ್ನು ರವಿಕೆ. ಖಡಕ್ ಬರುವುದು ಇಲ್ಲಿಂದ, ಹಾಗಾಗಿ ದುಡ್ಡು ಜಾಸ್ತಿ ಖರ್ಚಾದರೂ ಪರವಾಗಿಲ್ಲ, ಇದನ್ನು ಒಳ್ಳೆಯವರ ಹತ್ತಿರ ಹೊಲಿಸಿ. ಮಲ್ಲೇಶ್ವರದಲ್ಲಿ ನನಗೆ ಹೊಲಿಯುವ ಅಕ್ಕನ ಹತ್ತಿರ ನಾನು ಕಲಿತದ್ದು ಬಹಳ. ಬೋಟ್ ನೆಕ್ ಬೇಕು ಅಂದಾಗ ಅವರು ಟೇಪನ್ನು ನನ್ನ ಭುಜದ ಮೇಲಿಟ್ಟು, ಎಲುಬಿನ ತುದಿಯನ್ನು ಬೆರಳಿನಿಂದ ಒತ್ತಿ, ಅಲ್ಲೇ ಚಾಕ್‌ಪೀಸಿನಿಂದ ಹಳೇ ಕುರ್ತಾದ ಮೇಲೆ ಗುರುತು ಹಾಕಿದರು.

‘ತೋಳಿನ ಹೊಲಿಗೆ ಇಲ್ಲೇ ನಿಲ್ಲಬೇಕು ಕಣಮ್ಮ. ಅರ್ಧ ಇಂಚು ಕೆಳಗೆ ಬಂದ್ರೆ ಭುಜ ಜೋತು ಬಿದ್ದಂಗೆ ಕಾಣ್ಸತ್ತೆ.’

‘ಅಕ್ಕ, ಅಳತೆ ಬ್ಲೌಸ್ ತಂದಿದ್ದೀನಲ್ಲ.’

‘ಅದ್ರಲ್ಲೇ ತಪ್ಪಿದೆ ನೋಡು. ಮತ್ತೆ ಕತ್ತಿಗೆ ಕ್ಯಾನ್ವಾಸ್ ಹಾಕ್ತೀನಿ, ಬೇಡ ಅನ್ನಬೇಡ. ಇಲ್ಲಾಂದ್ರೆ ಎರಡು ಒಗೆತಕ್ಕೆ ಬಾಯಿ ಬಿಡತ್ತೆ.’

ಆ ಕ್ಯಾನ್ವಾಸ್ ಪಟ್ಟಿಯೇ ಎಲ್ಲ. ಒಳಗೆ ಒಂದಿಂಚು ಅಗಲದ ಪಟ್ಟಿ ಕೂತರೆ ಕತ್ತಿನ ಗೆರೆ ಒಂದು ಭುಜದಿಂದ ಇನ್ನೊಂದಕ್ಕೆ ನೇರವಾಗಿ, ಸುಕ್ಕಿಲ್ಲದೆ ನಿಲ್ಲುತ್ತದೆ. ಮೇಲಿನಿಂದ ಬರುವ ಸೆರಗು ಎಷ್ಟು ಮೆತ್ತಗಿದ್ದರೂ ಈ ಗೆರೆ ಅದಕ್ಕೆ ಒಂದು ಹಿಡಿತ ಕೊಡುತ್ತದೆ. ಮುಂಭಾಗಕ್ಕೆ ಕಟೋರಿ ಬೇಡ, ಪ್ರಿನ್ಸೆಸ್ ಕಟ್ ಹೇಳಿ. ಕಟೋರಿಯಲ್ಲಿ ಹೊಲಿಗೆ ಗುಂಡಗೆ ಸುತ್ತಿ ಬರುತ್ತದೆ, ಗುಂಡಗಿರೋದನ್ನೇ ಮತ್ತೆ ಗುಂಡಗೆ ಮಾಡುತ್ತದೆ. ಪ್ರಿನ್ಸೆಸ್ ಕಟ್‌ನಲ್ಲಿ ಎರಡು ಉದ್ದನೆಯ ಹೊಲಿಗೆ ಮೇಲಿನಿಂದ ಕೆಳಗೆ ಇಳಿಯುತ್ತವೆ, ಮೈಯ ತಿರುವಿಗೆ ಬೇಕಾದ ಜಾಗವೂ ಸಿಗುತ್ತದೆ, ಗೆರೆಯೂ ಉಳಿಯುತ್ತದೆ. ತೋಳು ಮೊಣಕೈ ದಾಟಲಿ. ಪಫ್ ಬೇಡ, ತೂಗಾಡುವ ಲಟ್ಕನ್ ಬೇಡ, ಬೆನ್ನಿಗೆ ಕಟ್ಟುವ ಡೋರಿ ಬೇಡ. ಬಟ್ಟೆ ಗುಳೇದಗುಡ್ಡದ ಖಣ ಆದರೆ ಇನ್ನೂ ಒಳ್ಳೆಯದು. ಅದರ ನೇಯ್ಗೆಯ ಚಿತ್ರ ಸಣ್ಣದು, ‘ಸಣ್ಣದು ಬೇಡ ಅಂದಿದ್ರಿ’ ಅಂತ ನೀವು ಕೇಳಬಹುದು. ಆದರೆ ಖಣದ ಚಿತ್ರ ಒತ್ತೊತ್ತಾಗಿ, ಸಾಲಾಗಿ ಇರುತ್ತದೆ, ಎರಡು ಹೆಜ್ಜೆ ದೂರದಿಂದ ಅದು ಹೂವಾಗಿ ಕಾಣಲ್ಲ, ಹೊಳಪಾಗಿ ಕಾಣುತ್ತದೆ.

ಆಫೀಸಿಗೆ ದಿನಾ ಸೀರೆ ಆಗಲ್ಲ. ಅಲ್ಲಿ ಕುರ್ತಾಕ್ಕೂ ಇದೇ ಲೆಕ್ಕ. ಮೊಣಕಾಲಿನ ಕೆಳಗೆ ಇಳಿಯುವ ನೇರ ಕುರ್ತಾ, ಪಕ್ಕದ ಸೀಳು ಉದ್ದ, ಸಣ್ಣ ಸ್ಟ್ಯಾಂಡ್ ಕಾಲರ್, ಬಟ್ಟೆ ರೇಯಾನ್ ಅಥವಾ ಮೆತ್ತನೆಯ ಮಲ್ ಹತ್ತಿ. ಅನಾರ್ಕಲಿ ಬೇಡ. ಬ್ಲೇಜರ್ ಹಾಕುವವರು ಭುಜ ಸರಿಯಾಗಿ ಕೂತಿರೋದನ್ನು ನೋಡಿ ತಗೊಳ್ಳಿ, ಒಳಗೆ ಮಾತ್ರ ಕಾಟನ್ ಶರ್ಟ್ ಬಿಟ್ಟು ಕ್ರೇಪ್ ಟಾಪ್ ಹಾಕಿ. ಅಷ್ಟು ಬದಲಾಯಿಸಿದರೆ ಸಾಕು, ಇಡೀ ಉಡುಪೇ ಬೇರೆ ತರ ಕಾಣುತ್ತದೆ.

ಬಣ್ಣದಲ್ಲಿ ನನಗೆ ಗಾಢವಾದದ್ದೇ ಬೇಕು. ಕುಂಕುಮ ಕೆಂಪು, ಬಾಟಲ್ ಗ್ರೀನ್, ಬದನೆ ಬಣ್ಣ, ಕಪ್ಪು. ಒಡವೆ ಒಂದೇ, ಆದರೆ ದೊಡ್ಡದು. ಕಿವಿಗೆ ದೊಡ್ಡ ಜುಮ್ಕಿ ಹಾಕಿದ ದಿನ ಕತ್ತು ಖಾಲಿ ಇರಲಿ. ಸಣ್ಣ ಮುತ್ತಿನ ಓಲೆ, ಎಳೆಯಷ್ಟು ತೆಳು ಚೈನು, ಅದರ ಜೊತೆ ಎರಡು ಸಣ್ಣ ಬಳೆ, ಇವೆಲ್ಲ ಸೇರಿ ಏನೂ ಹೇಳಲ್ಲ. ಕಾಲಿಗೆ ಕೊಲ್ಹಾಪುರಿ. ಹೆಸರು ಕೊಲ್ಹಾಪುರದ್ದಾದರೂ ನಮ್ಮ ಅಥಣಿ, ನಿಪ್ಪಾಣಿ ಕಡೆಯವರೂ ತಲೆಮಾರುಗಳಿಂದ ಮಾಡಿಕೊಂಡು ಬಂದಿರುವ ಚಪ್ಪಲಿ ಅದು. ಇಂಥ ಪ್ರದೇಶದ್ದೇ ಸರಕು ಅಂತ ಕೊಡುವ ಜಿಐ ಟ್ಯಾಗ್ 2019ರಲ್ಲಿ ಸಿಕ್ಕಿತು, ಅದರಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಕೂಡ ಇವೆ. ಇಳಿಬಿದ್ದ ನೆರಿಗೆಯ ಕೆಳಗೆ ಆ ದಪ್ಪ ತೊಗಲು, ಅದರ ಚೌಕಟ್ಟಾದ ಅಂಚು ಕಂಡರೆ ಹೀಲ್ಸ್ ಬೇಕು ಅಂತಲೇ ಅನ್ನಿಸಲ್ಲ.

ಕುಳ್ಳಗೆ, ನಾಜೂಕಾಗಿದ್ದು, ಮುಖದಲ್ಲಿ ಮಾತ್ರ ಒಂದು ಚೂಪು ಇರುವವರಿಗೆ ಈ ದೊಡ್ಡ ಗಾತ್ರದ ಲೆಕ್ಕ ಹೊಂದಲ್ಲ. ನನ್ನ ತಂಗಿ ಹಾಗಿದ್ದಾಳೆ. ಅವಳಿಗೆ ಸಪೂರ ಅಂಚಿನ ಶಿಫಾನ್, ಹತ್ತಿರ ಹಿಡಿದ ನೆರಿಗೆ, ವಿ ನೆಕ್ಕಿನ ರವಿಕೆ, ಒಂದು ಹರಳಿನ ಮೂಗುಬೊಟ್ಟು. ಅವಳಲ್ಲೂ ಬಟ್ಟೆ ಮೆತ್ತಗೆ, ಹೊಲಿಗೆ ಖಡಕ್, ಗಾತ್ರ ಮಾತ್ರ ಚಿಕ್ಕದು. ನನ್ನ ಇಳಕಲ್ ಅವಳು ಉಟ್ಟರೆ ದಡಿಯೇ ಮೊಣಕಾಲಿನ ಹತ್ತಿರ ಬರುತ್ತದೆ.

ಈಗ ನನ್ನ ತಲೆಯಲ್ಲಿ ಇರುವುದು ಚಂದ್ರಕಾಳಿ ಸೀರೆ. ಉತ್ತರ ಕರ್ನಾಟಕದಲ್ಲಿ ಮದುವೆ ಹೆಣ್ಣಿಗೆ ಕೊಡುತ್ತಿದ್ದ ಕರಿ ಸೀರೆ, ಮೇಲೆ ಕಸೂತಿ. ಮದುವೆಗೆ ಕಪ್ಪು ಬೇಡ ಅನ್ನುವವರು ಇದನ್ನು ಒಮ್ಮೆ ನೋಡಬೇಕು. ಕಸೂತಿಯಲ್ಲಿ ಗಂಟು ಹಾಕೋ ಹಾಗಿಲ್ಲ, ಬಟ್ಟೆಯ ಎಳೆ ಎಣಿಸಿಯೇ ಹೊಲಿಯಬೇಕು. ಗವಂತಿ, ಮುರ್ಗಿ ಹೊಲಿಗೆಗಳಾದರೆ ಮುಂದೆ ಹಿಂದೆ ಎರಡೂ ಕಡೆ ಒಂದೇ ತರ ಕಾಣುತ್ತದೆ. ಗೋಪುರ, ರಥ, ಆನೆ, ತುಳಸಿ ಕಟ್ಟೆ, ಎಲ್ಲವೂ ನೇರ ಗೆರೆಯಲ್ಲಿ, ಮೆಟ್ಟಿಲು ಮೆಟ್ಟಿಲಾಗಿ. ಧಾರವಾಡದ ಒಬ್ಬರ ಹತ್ತಿರ ಹಾಕಿಸಲು ಕೊಟ್ಟಿದ್ದೇನೆ, ಸೆರಗಿಗೆ ದೊಡ್ಡ ಗೋಪುರ, ಒಡಲಿಗೆ ದೂರ ದೂರ ಚಿಕ್ಕಿ. ರವಿಕೆಗೂ ಹಾಕ್ಲಾ ಅಂತ ಕೇಳಿದರು. ಬೇಡ ಅಂದೆ. ಕಸೂತಿ ಇರೋದು ಸೆರಗಿನಲ್ಲಿ, ಅದು ಭುಜದ ಮೇಲೇ ಬರುತ್ತದೆ, ಅದರ ಕೆಳಗೆ ರವಿಕೆಯಲ್ಲೂ ಕಸೂತಿ ಇದ್ದರೆ ಎರಡೂ ಕಾಣಲ್ಲ. ರವಿಕೆ ಸುಮ್ನೆ ಕಪ್ಪು ರೇಷ್ಮೆ, ಉದ್ದ ತೋಳು, ತೋಳಿನ ತುದಿಗೆ ಒಂದು ಕೆಂಪು ಪೈಪಿಂಗ್.