ಈಗಷ್ಟೇ ಕಲಿತವರು ಗೆಳತಿಯರಿಗೆ ಸ್ಕಾರ್ಫ್ ಹೆಣೆದು ಕೊಡಬಹುದಾ?

"ಅಕ್ಕಾರ, ಈಗಷ್ಟ ಉಲ್ಲನ್ ಹೆಣಿಯೂದು ಕಲ್ತೇನಿ. ಸಂಕ್ರಾಂತಿಗೆ ನಮ್ಮ ಐದೂ ಮಂದಿ ಗೆಳತ್ಯಾರಿಗೆ ಒಂದೊಂದು ಸ್ಕಾರ್ಫ್ ಕೊಡಬೇಕಂತ ಮಾಡೇನಿ. ಆಗ್ತೈತೇನ್ರಿ? ಉಲ್ಲನ್ ಎಷ್ಟ್ ತರ್ಲಿ?"

ಚಳಿ ಹತ್ತಿರ ಬಂದಂತೆ ಬೆಳಗಾವಿ ಕಡೆಯ ಹುಡುಗಿಯರಿಂದ ಈ ಪ್ರಶ್ನೆ ತಪ್ಪದೇ ಬರುತ್ತದೆ. ಖಂಡಿತ ಆಗುತ್ತದೆ. ಆದರೆ ಮೊದಲ ವರ್ಷವೇ ಉದ್ದನೆಯ ಸ್ಕಾರ್ಫ್ ಐದು ಬೇಡ. ಕುತ್ತಿಗೆ ಸುತ್ತ ಬಳೆಯ ಹಾಗೆ ಕೂರುವ ಗಿಡ್ಡ ಸ್ಕಾರ್ಫ್ ಹೆಣೆಯಿರಿ. ಸಂಕ್ರಾಂತಿವರೆಗೆ ಕಾಯಲೂಬೇಡಿ. ಕುಸುರೆಳ್ಳು ಹಂಚುವ ಹೊತ್ತಿಗೆ ಅರ್ಧ ಚಳಿಗಾಲ ಕಳೆದಿರುತ್ತದೆ. ದೀಪಾವಳಿಗೆ ಕೈಗೆ ಕೊಟ್ಟರೆ ಇಡೀ ಚಳಿಗೆ ಬಳಕೆಯಾಗುತ್ತದೆ.

ಯಾಕೆ ಗಿಡ್ಡದು ಅಂತ ಲೆಕ್ಕ ಹಾಕಿ ನೋಡೋಣ. 17 ಸೆಂಟಿಮೀಟರ್ ಅಗಲ, 160 ಸೆಂಟಿಮೀಟರ್ ಉದ್ದದ ಸ್ಕಾರ್ಫಿಗೆ ಮಧ್ಯಮ ದಪ್ಪದ ಉಲ್ಲನ್‌ನಲ್ಲಿ ಸಾಲಿಗೆ 30 ಕುಣಿಕೆ, ಸುಮಾರು 540 ಸಾಲು ಬೇಕು. ಅಂದರೆ 16,000ಕ್ಕೂ ಹೆಚ್ಚು ಕುಣಿಕೆ. ಹೊಸಬರ ಕೈ ನಿಮಿಷಕ್ಕೆ 12 ಕುಣಿಕೆ ಓಡಿದರೂ ಒಂದು ಸ್ಕಾರ್ಫಿಗೆ 22-23 ತಾಸು, ಮುಗಿಸುವ ಕೆಲಸ ಸೇರಿ 24 ತಾಸು. ಗಿಡ್ಡದು 62 ಸೆಂಟಿಮೀಟರ್ ಉದ್ದ ಹೆಣೆದು ಎರಡೂ ತುದಿ ಸೇರಿಸಿ ಹೊಲಿಯುವಂಥದ್ದು. ಅದಕ್ಕೆ 210 ಸಾಲು ಸಾಕು, 10 ತಾಸಿನೊಳಗೆ ಮುಗಿಯುತ್ತದೆ. ಗಣೇಶ ಚೌತಿಯಿಂದ ದೀಪಾವಳಿ ಅಮಾವಾಸ್ಯೆಗೆ ಹೆಚ್ಚುಕಡಿಮೆ 8 ವಾರ. ದಿನಕ್ಕೊಂದು ತಾಸು ಕೂತರೆ ಆ ಅವಧಿಯಲ್ಲಿ ಉದ್ದನೆಯವು ಎರಡಾಗುತ್ತವೆ, ಗಿಡ್ಡವು ಐದಾಗುತ್ತವೆ. ಐದು ಉದ್ದನೆಯವಕ್ಕೆ ಕೈ ಹಾಕಿದವರ ಮನೆಯಲ್ಲಿ ಮೂರನೆಯದು ಅರ್ಧಕ್ಕೆ ನಿಂತು ಚೀಲ ಸೇರುವುದೇ ಹೆಚ್ಚು.

ಇನ್ನೊಂದು ಕಾರಣ ನನಗೆ ಇದಕ್ಕಿಂತ ದೊಡ್ಡದು. ನಿಮ್ಮ ಗೆಳತಿಯರಲ್ಲಿ ಹೆಚ್ಚಿನವರು ಸ್ಕೂಟಿ ಓಡಿಸುವವರು. ಜೋತಾಡುವ ಸ್ಕಾರ್ಫಿನ ತುದಿ ಗಾಲಿಗೆ ಸಿಕ್ಕಿದರೆ ಕುತ್ತಿಗೆಗೇ ಅಪಾಯ. ತುದಿಯೇ ಇಲ್ಲದ ಗಿಡ್ಡ ಸ್ಕಾರ್ಫಿಗೆ ಆ ಭಯವಿಲ್ಲ, ಹೆಲ್ಮೆಟ್ಟಿನ ಕೆಳಗೂ ಚೆನ್ನಾಗಿ ಕೂರುತ್ತದೆ.

ಇನ್ನು ಉಲ್ಲನ್. ಲೇಬಲ್ ಮೇಲೆ 5 ಮಿಲಿಮೀಟರ್ ಕಡ್ಡಿ, 10 ಸೆಂಟಿಮೀಟರಿಗೆ 18 ಕುಣಿಕೆ ಅಂತ ಇರುವುದನ್ನು ಆರಿಸಿ. ಎಷ್ಟು ಪ್ಲೈ ಅಂತ ಮಾತ್ರ ಕೇಳಿ ತರಬೇಡಿ. ಪ್ಲೈ ಅಂದರೆ ಎಷ್ಟು ಎಳೆ ಸೇರಿಸಿ ಹುರಿ ಮಾಡಿದ್ದಾರೆ ಎಂಬ ಲೆಕ್ಕ, ದಪ್ಪದ ಲೆಕ್ಕವಲ್ಲ. ಲೇಬಲ್ ಇಲ್ಲದ ಲಡಿಯಾದರೆ ಸ್ಕೇಲಿಗೆ ಎಳೆಯದೆ ಒತ್ತೊತ್ತಾಗಿ ಸುತ್ತಿ. ಒಂದು ಇಂಚಿನಲ್ಲಿ 9-10 ಸುತ್ತು ಬಂದರೆ ಇದೇ ದಪ್ಪ. ತೆಳ್ಳಗಿನದೇ ಸಿಕ್ಕರೆ ಎರಡು ಎಳೆ ಜೋಡಿಸಿ ಮತ್ತೆ ಸುತ್ತಿ ನೋಡಿ. ಗಿಡ್ಡದಕ್ಕೆ 100 ಗ್ರಾಂ ಸಾಕು, ಸ್ವಲ್ಪ ಉಳಿಯುತ್ತದೆ. ಉದ್ದನೆಯದಕ್ಕೆ 200 ಗ್ರಾಂ. ಒಂದು ಸ್ಕಾರ್ಫಿಗೆ ಬೇಕಾದಷ್ಟನ್ನು ಒಂದೇ ಸಲ, ಒಂದೇ ಲಾಟ್ ನಂಬರಿನದ್ದು, ಅಂದರೆ ಒಟ್ಟಿಗೇ ಬಣ್ಣ ಹಾಕಿದ್ದು, ತನ್ನಿ. ಮುಂದಿನ ವಾರ ಅದೇ ಬಣ್ಣ ತಂದರೂ ಲಾಟ್ ಬೇರೆಯಾದರೆ ಸೇರಿದ ಜಾಗದಲ್ಲಿ ಗೆರೆ ಎದ್ದು ಕಾಣುತ್ತದೆ. ಮೊದಲನೆಯದಕ್ಕೆ ತಿಳಿ ಬಣ್ಣ, ನುಣುಪಾದ ಎಳೆ. ಕಪ್ಪಿನಲ್ಲೂ ಜೂಲು ಜೂಲು ಉಲ್ಲನ್‌ನಲ್ಲೂ ಕುಣಿಕೆ ಕಣ್ಣಿಗೆ ಕಾಣುವುದಿಲ್ಲ, ತಪ್ಪಿದ್ದು ಗೊತ್ತೂ ಆಗುವುದಿಲ್ಲ.

ಕಡ್ಡಿಯ ನಂಬರಿನಲ್ಲಿ ಬಹಳ ಮಂದಿ ಮೋಸಹೋಗುತ್ತಾರೆ. ನಮ್ಮ ಅಂಗಡಿಗಳಲ್ಲಿ ನಡೆಯುವುದು ಹಳೆಯ ಬ್ರಿಟಿಷ್ ನಂಬರು. ನಂಬರು ದೊಡ್ಡದಾದಷ್ಟೂ ಕಡ್ಡಿ ತೆಳ್ಳಗೆ. 8 ನಂಬರ್ ಅಂದರೆ 4 ಮಿಲಿಮೀಟರ್, 6 ಅಂದರೆ 5, 4 ಅಂದರೆ 6. ಅಮೆರಿಕದ ನಂಬರು ಇದಕ್ಕೆ ತಿರುಗುಮುರುಗು, ಅಲ್ಲಿ 6 ಅಂದರೆ 4 ಮಿಲಿಮೀಟರ್, 8 ಅಂದರೆ 5. ಯೂಟ್ಯೂಬಿನಲ್ಲಿ ಅಮೆರಿಕದವರು 8 ಅಂದದ್ದನ್ನು ಕೇಳಿ ಬೆಳಗಾವಿಯ ಖಡೇಬಜಾರಿನಲ್ಲಿ 8 ಕೇಳಿದರೆ ಒಂದು ಮಿಲಿಮೀಟರ್ ತೆಳ್ಳಗಿನ ಕಡ್ಡಿ ಕೈಗೆ ಬರುತ್ತದೆ, ಬಟ್ಟೆ ಹಲಗೆಯ ಹಾಗೆ ಬಿರುಸಾಗುತ್ತದೆ. ಮಿಲಿಮೀಟರಿನಲ್ಲೇ ಕೇಳಿ. ಬಿದಿರಿನದು ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಲೋಹದ ಕಡ್ಡಿಯಿಂದ ಅಕ್ರಿಲಿಕ್ (ಉಣ್ಣೆಯಲ್ಲದ, ಕೃತಕ ಎಳೆಯ ಉಲ್ಲನ್) ಕುಣಿಕೆ ಬೇಗ ಜಾರುತ್ತದೆ.

ಗೆಳತಿ ವಿಜಯಪುರದವಳೋ ಬಾಗಲಕೋಟೆಯವಳೋ ಆದರೆ ಅಕ್ರಿಲಿಕ್ ಬೇಡ. ಅಲ್ಲಿ ಚಳಿ ಅನ್ನುವುದು ನಸುಕಿನದು, ಬಿಸಿಲೇರಿದ ಮೇಲೆ ಕುತ್ತಿಗೆ ಬೆವರುತ್ತದೆ. ಹತ್ತಿ ನೂಲು, 4 ಮಿಲಿಮೀಟರ್ ಕಡ್ಡಿ ಒಳ್ಳೆಯದು. ಹತ್ತಿಗೆ ಪುಟಿಯುವ ಗುಣವಿಲ್ಲ, ತನ್ನ ಭಾರಕ್ಕೆ ತಾನೇ ಜಗ್ಗುತ್ತದೆ, ಹಾಗಾಗಿ ಬೇಕಾದ ಉದ್ದಕ್ಕಿಂತ ನಾಲ್ಕೈದು ಸೆಂಟಿಮೀಟರ್ ಕಡಿಮೆಯೇ ಹೆಣೆಯಿರಿ. ಧೂಳು, ಬಿಸಿಲಿಗೆ ಮುಖಕ್ಕೆ ಕಟ್ಟಿಕೊಳ್ಳುವ ಸ್ಕಾರ್ಫ್ ಬೇಕು ಅಂದರೆ ನೇಯ್ದ ಬಟ್ಟೆಯೇ ಸರಿ, ಹೆಣೆದದ್ದರ ತೂತುಗಳಿಂದ ಧೂಳು ಒಳಬರುತ್ತದೆ. ನಮ್ಮ ಕಡೆಯ ಕಂಬಳಿಯ ಉಣ್ಣೆಯಲ್ಲೇ ಹೆಣೆಯಬಾರದೇಕೆ ಎಂದೂ ಕೇಳುತ್ತಾರೆ. ಡೆಕ್ಕನಿ ಕುರಿಯ ಉಣ್ಣೆ ಒರಟು. ಹೊದೆಯುವ ಕಂಬಳಿಗೆ ಅದಕ್ಕೆ ಸಾಟಿಯಿಲ್ಲ, ಕುತ್ತಿಗೆಯ ಚರ್ಮಕ್ಕೆ ಮಾತ್ರ ಚುಚ್ಚುತ್ತದೆ.

ಹೆಣಿಗೆ ಯಾವುದು? ಎಲ್ಲ ಸಾಲೂ ನಿಟ್ (ನೂಲು ಹಿಂದಿಟ್ಟು ಹಾಕುವ ಸಾದಾ ಕುಣಿಕೆ) ಹಾಕುವ ಗಾರ್ಟರ್, ಬೇರೇನೂ ಬೇಡ. ಒಂದು ಸಾಲು ನಿಟ್, ಒಂದು ಸಾಲು ಪರ್ಲ್ (ನೂಲು ಮುಂದಿಟ್ಟು ಹಾಕುವ ಉಲ್ಟಾ ಕುಣಿಕೆ) ಹಾಕಿದರೆ ಮುಂಬದಿ ಅಂಗಡಿ ಸ್ವೆಟರಿನಂತೆ ನುಣುಪಾಗಿ ಕಾಣುತ್ತದೆ, ಅದಕ್ಕೇ ಹೊಸಬರು ಆಸೆಪಡುತ್ತಾರೆ. ಆದರೆ ಅಂಥ ಬಟ್ಟೆಯ ಎರಡೂ ಮಗ್ಗುಲು ಹಿಂದಕ್ಕೆ, ಮೇಲು ಕೆಳಗಿನ ಅಂಚು ಮುಂದಕ್ಕೆ ಸುರುಳಿ ಸುತ್ತುತ್ತವೆ. ಬಾಗಿಸಿದ ಎಳೆ ನೆಟ್ಟಗಾಗಲು ನೋಡುತ್ತದೆ. ಎಲ್ಲ ಕುಣಿಕೆಯ ಮುಖವೂ ಒಂದೇ ಕಡೆಗಿದ್ದರೆ ಆ ಎಳೆತವೂ ಒಂದೇ ಕಡೆಗೆ. ಗಾರ್ಟರಿನಲ್ಲಿ ಸಾಲು ಬಿಟ್ಟು ಸಾಲು ಮುಖ ಬದಲಾಗುವುದರಿಂದ ಎಳೆತ ಒಂದಕ್ಕೊಂದು ವಜಾ ಆಗಿ ಬಟ್ಟೆ ಚಪ್ಪಟೆಯಾಗಿ ಕೂರುತ್ತದೆ. ಸುರುಳಿಯನ್ನು ಇಸ್ತ್ರಿಯಿಂದ ಸರಿಮಾಡಲು ಹೋಗಬೇಡಿ. ಬಿಸಿ ತಗುಲಿದರೆ ಅಕ್ರಿಲಿಕ್ ಮಿಂಚಿ ಜೋಲುಬೀಳುತ್ತದೆ, ಮತ್ತೆ ಮೊದಲಿನಂತಾಗುವುದಿಲ್ಲ.

ಶುರುಮಾಡುವ ಮುಂಚೆ 20 ಕುಣಿಕೆ ಹಾಕಿ 5 ಸೆಂಟಿಮೀಟರ್ ಹೆಣೆದು ಅಗಲ ಅಳೆಯಿರಿ. 11ರಿಂದ 11.5 ಬಂದರೆ 30 ಕುಣಿಕೆ ಸರಿ. 10 ಬಂದರೆ ನಿಮ್ಮ ಕೈ ಬಿಗಿ, 34 ಹಾಕಿ. 12.5 ಬಂದರೆ 27. ಮೊದಲ ಕುಣಿಕೆಗಳನ್ನು ಕಡ್ಡಿಗೆ ಏರಿಸುವಾಗ ಬಿಗಿಯಾಗಿ ಎಳೆದರೆ ಸ್ಕಾರ್ಫಿನ ಬುಡ ಸೊಂಟ ಕಟ್ಟಿದ ಹಾಗೆ ಕಿರಿದಾಗುತ್ತದೆ. ಅದೊಂದಕ್ಕೆ ಮಾತ್ರ 6 ಮಿಲಿಮೀಟರ್ ಕಡ್ಡಿ ಬಳಸಿ. 30 ಕುಣಿಕೆಗೆ ಸುಮಾರು 90 ಸೆಂಟಿಮೀಟರ್ ತುದಿ ಬಿಟ್ಟುಕೊಂಡು ಶುರುಮಾಡಿದರೆ ನಡುವೆ ನೂಲು ಸಾಲದೇ ಹೋಗುವುದಿಲ್ಲ.

ಈಗ ಎಲ್ಲರನ್ನೂ ಅಳಿಸುವ ತೊಂದರೆಗೆ ಬರೋಣ: 30 ಹಾಕಿದ್ದೆ, 37 ಹೇಗಾಯಿತು? ಹೊಸಬರ ಸ್ಕಾರ್ಫ್ ಮೇಲಕ್ಕೆ ಹೋದಂತೆ ಅಗಲವಾಗುವುದು ಹೆಚ್ಚಾಗಿ ಸಾಲಿನ ಮೊದಲ ಕುಣಿಕೆಯಲ್ಲಿ. ಸಾಲು ಮುಗಿಸಿ ಕಡ್ಡಿ ತಿರುಗಿಸಿದಾಗ ನೂಲು ಆ ಕುಣಿಕೆಯ ಬುಡದಿಂದ ಮುಂದಕ್ಕೆ ಜೋತಿರುತ್ತದೆ. ಅದನ್ನು ಕಡ್ಡಿಯ ಮೇಲಿಂದ ಹಾಯಿಸಿ ಹಿಂದಕ್ಕೆ ಎಳೆದಿರೋ, ಕೆಳಗಿನ ಸಾಲಿನ ಕುಣಿಕೆ ಮೇಲೆದ್ದು ಅದರ ಎರಡು ಕಾಲು ಎರಡು ಕುಣಿಕೆಯಂತೆ ಕಡ್ಡಿಯ ಮೇಲೆ ಕೂರುತ್ತವೆ. ನೀವು ಎರಡನ್ನೂ ಹೆಣೆಯುತ್ತೀರಿ, ಒಂದು ಹೆಚ್ಚಾಯಿತು. ಪರಿಹಾರ ಸುಲಭ. ನೂಲನ್ನು ಮುಂದೆಯೇ ಇಟ್ಟುಕೊಂಡು ಮೊದಲ ಕುಣಿಕೆಯನ್ನು ಹೆಣೆಯದೆ, ಪರ್ಲ್ ಹಾಕುವಂತೆ ಕಡ್ಡಿ ತೂರಿಸಿ ಬಲಗಡೆಗೆ ಸಾಗಿಸಿ. ಆಮೇಲೆ ನೂಲನ್ನು ಎರಡು ಕಡ್ಡಿಗಳ ನಡುವಿನಿಂದ ಹಿಂದಕ್ಕೆ ಒಯ್ದು ಎರಡನೆಯದರಿಂದ ನಿಟ್ ಹಾಕಿ. ಪ್ರತಿ ಸಾಲಿಗೂ ಹೀಗೆ ಮಾಡಿದರೆ ಅಂಚಿನಲ್ಲಿ ಜಡೆಯಂಥ ಸರಪಳಿ ಬರುತ್ತದೆ. ಕಲಿತವರ ಕೈ ಅನ್ನಿಸುವುದು ಈ ಅಂಚಿನಿಂದಲೇ.

ಸಾಲಿನ ನಡುವೆ ತೂತು ಬಿದ್ದು ಕುಣಿಕೆ ಹೆಚ್ಚಾಗಿದ್ದರೆ ನೂಲು ಮುಂದೆ ಉಳಿದಿತ್ತು ಅಂತ ಅರ್ಥ, ಅದು ಕಡ್ಡಿಗೆ ಒಂದು ಸುತ್ತು ಬಿದ್ದು ಕುಣಿಕೆಯಾಗಿದೆ. ತೂತಿಲ್ಲದೆ ಹೆಚ್ಚಾಗಿದ್ದರೆ ನೂಲಿನ ಹುರಿ ಬಿಚ್ಚಿ ಒಂದು ಕುಣಿಕೆ ಎರಡಾಗಿ ಸೀಳಿರುತ್ತದೆ. ಕಡಿಮೆಯಾಗಿದ್ದರೆ ಎಲ್ಲೋ ಜಾರಿದೆ. ಕಂಡ ಕೂಡಲೇ ಪಿನ್ನು ಹಾಕಿ ಹಿಡಿದಿಡಿ, ಆಮೇಲೆ ಕ್ರೋಶಾ ಕಡ್ಡಿಯಿಂದ ಸಾಲು ಸಾಲಾಗಿ ಮೇಲೆ ತನ್ನಿ. 10 ಸಾಲಿಗೊಮ್ಮೆ ಎಣಿಸಿದರೆ ಬಿಚ್ಚಬೇಕಾದದ್ದು 10 ಸಾಲಿಗಿಂತ ಹೆಚ್ಚಾಗುವುದಿಲ್ಲ. ಬಾಗಿಲು ಬಡಿದರೂ ಫೋನು ಬಂದರೂ ಸಾಲು ಮುಗಿಸಿಯೇ ಏಳಿ. ನಡುವೆ ಬಿಟ್ಟರೆ ಮರಳಿ ಬಂದಾಗ ದಿಕ್ಕು ತಪ್ಪುತ್ತದೆ. ತಪ್ಪಿ ಬಿಟ್ಟಿದ್ದರೆ, ಉಂಡೆಯ ನೂಲು ಯಾವ ಕಡ್ಡಿಯಿಂದ ಇಳಿದಿದೆಯೋ ಅದು ಬಲಗೈಗೆ.

ಹೊಸ ಉಂಡೆ ಸೇರಿಸುವುದು ಸಾಲಿನ ಆರಂಭದಲ್ಲಿ, ನಡುವೆ ಗಂಟು ಹಾಕಿ ಅಲ್ಲ. ಉಳಿದ ನೂಲು ಸ್ಕಾರ್ಫಿನ ಅಗಲದ ನಾಲ್ಕು ಪಟ್ಟು ಇದ್ದರೆ ಇನ್ನೊಂದು ಸಾಲಾಗುತ್ತದೆ, ಇಲ್ಲದಿದ್ದರೆ ಬಿಟ್ಟುಬಿಡಿ. ಎರಡೂ ಕಡೆ 15 ಸೆಂಟಿಮೀಟರ್ ತುದಿ ಇರಲಿ.

ಒಬ್ಬ ಗೆಳತಿಗಾದರೂ ಉದ್ದನೆಯದನ್ನೇ ಕೊಡಬೇಕು ಎಂದಿದ್ದರೆ ಇಳಕಲ್ ಸೀರೆಯ ಟೋಪ ತೆನಿ ಸೆರಗಿನ ಬಣ್ಣ ತನ್ನಿ. ಆ ಸೆರಗಿನಲ್ಲಿ ಮೂರು ಪಟ್ಟಿ ಕೆಂಪು, ನಡುವೆ ಎರಡು ಪಟ್ಟಿ ಬಿಳಿ. ಸ್ಕಾರ್ಫಿನ ಎರಡೂ ತುದಿಗೆ 12 ಸಾಲು ಕೆಂಪು, 6 ಬಿಳಿ, 12 ಕೆಂಪು, 6 ಬಿಳಿ, 12 ಕೆಂಪು ಹಾಕಿ, ಸುಮಾರು 14 ಸೆಂಟಿಮೀಟರ್ ಆಗುತ್ತದೆ. ನಡುವಿನ ಮೈ ಕಡು ಹಸಿರೋ ನೀಲಿಯೋ ಇರಲಿ. ಪಟ್ಟಿಯ ಸಾಲು ಸಮಸಂಖ್ಯೆಯಲ್ಲೇ ಇರಬೇಕು, ಬಣ್ಣ ಬದಲಿಸುವುದು ಯಾವಾಗಲೂ ಮುಂಬದಿಯ ಸಾಲಿನಲ್ಲೇ ಆಗಬೇಕು. ಮುಂಬದಿಗೆ ಒಂದು ಪಿನ್ನು ಚುಚ್ಚಿಟ್ಟುಕೊಳ್ಳಿ. ಹಿಂಬದಿಯ ಸಾಲಿನಲ್ಲಿ ಬದಲಿಸಿದರೆ ಎರಡು ಬಣ್ಣ ಚುಕ್ಕೆ ಚುಕ್ಕೆಯಾಗಿ ಬೆರೆತು ಮುಂದೆ ಕಾಣುತ್ತವೆ. ಕೆಂಪು ಹತ್ತಿ ನೂಲಾದರೆ ಮೊದಲೇ ಒಂದು ತುಂಡು ಒದ್ದೆ ಮಾಡಿ ಬಿಳಿ ಬಟ್ಟೆಯಲ್ಲಿ ಒತ್ತಿ, ಬಣ್ಣ ಬಿಡುತ್ತದೋ ನೋಡಿ.

ಕುಚ್ಚು ಹಾಕುವುದಿದ್ದರೆ ಅದರ ನೂಲನ್ನು ಹೆಣಿಗೆ ಶುರುಮಾಡುವ ಮೊದಲೇ ಕತ್ತರಿಸಿಡಿ. ಕೊನೆಗೆ ನೂಲು ಉಳಿದರೆ ಹಾಕೋಣ ಅಂದವರಿಗೆ ಒಂದು ಬದಿಗಷ್ಟೇ ಸಿಗುತ್ತದೆ. 16 ಸೆಂಟಿಮೀಟರ್ ಅಗಲದ ರಟ್ಟಿಗೆ ನೂಲು ಸುತ್ತಿ ಒಂದು ಅಂಚಿನಲ್ಲಿ ಕತ್ತರಿಸಿದರೆ 32 ಸೆಂಟಿಮೀಟರ್ ಎಳೆಗಳು ಸಿಗುತ್ತವೆ. ಕುಚ್ಚಿಗೆ 4 ಎಳೆ, ತುದಿಗೆ 10 ಕುಚ್ಚು. ಎರಡೂ ತುದಿ ಸೇರಿ 26 ಮೀಟರ್ ಸಾಕು.

ಕೊನೆಯ ಸಾಲು ಮುಚ್ಚುವಾಗಲೂ 6 ಮಿಲಿಮೀಟರ್ ಕಡ್ಡಿಯನ್ನು ಬಲಗೈಗೆ ತೆಗೆದುಕೊಳ್ಳಿ. ಬಿಗಿಯಾಗಿ ಮುಚ್ಚಿದ ಗಿಡ್ಡ ಸ್ಕಾರ್ಫ್ ಹೊಲಿದ ಜಾಗದಲ್ಲಿ ಗಂಟಿನಂತೆ ಕೂರುತ್ತದೆ. ಹೊಲಿಯುವ ಮುಂಚೆ ಮೇಜಿನ ಮೇಲೆ ಚಪ್ಪಟೆ ಹಾಸಿ, ತಿರುಚಿಕೊಂಡಿಲ್ಲ ಅಂತ ನೋಡಿ, ಮೊಂಡು ತುದಿಯ ದೊಡ್ಡ ಕಣ್ಣಿನ ಸೂಜಿಯಿಂದ ಕುಣಿಕೆಗೆ ಕುಣಿಕೆ ಹಿಡಿದು ಹೊಲಿಯಿರಿ. ಉಳಿದ ನೂಲಿನ ತುದಿಗಳನ್ನು ಒಂದು ದಿಕ್ಕಿಗೆ 5 ಸೆಂಟಿಮೀಟರ್ ಪೋಣಿಸಿ, ತಿರುಗಿಸಿ ಅಷ್ಟೇ ಹಿಂದಕ್ಕೆ ತನ್ನಿ. ಅಕ್ರಿಲಿಕ್ ಜಾರುವ ನೂಲು, ಒಂದೇ ದಿಕ್ಕಿಗೆ ಪೋಣಿಸಿದರೆ ಎರಡು ಒಗೆತಕ್ಕೆ ಹೊರಗೆ ಇಣುಕುತ್ತದೆ.

ಉಡುಗೊರೆಯ ಜೊತೆ ಒಂದು ಚೀಟಿ ಇಡಿ: ತಣ್ಣೀರು, ಮೆದು ಸೋಪು, ಹಿಂಡಬೇಡ, ಟವೆಲಿನಲ್ಲಿ ಸುತ್ತಿ ಒತ್ತು, ನೆರಳಲ್ಲಿ ಚಪ್ಪಟೆ ಹಾಸಿ ಒಣಗಿಸು, ಇಸ್ತ್ರಿ ಬೇಡ. ಉಣ್ಣೆಯಲ್ಲಿ ಹೆಣೆದಿದ್ದರೆ ಬಿಸಿನೀರು, ವಾಷಿಂಗ್ ಮೆಷಿನ್ ಎರಡೂ ಬೇಡ ಅಂತ ಸೇರಿಸಿ. ಉಣ್ಣೆಯ ಎಳೆಯ ಮೈಮೇಲೆ ಸಣ್ಣ ಪೊರೆಗಳಿರುತ್ತವೆ, ಬಿಸಿ ಮತ್ತು ತಿಕ್ಕಾಟಕ್ಕೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಸ್ಕಾರ್ಫ್ ಕುಗ್ಗಿ ದಪ್ಪಗಾಗುತ್ತದೆ, ಬಿಡಿಸಲು ಬರುವುದಿಲ್ಲ. ಯಾರು ಏನೇ ಕೊಟ್ಟರೂ ಮೆಷಿನ್ನಿಗೇ ಹಾಕುವ ಗೆಳತಿ ಇದ್ದರೆ ಅವಳಿಗೆ ಮೊದಲೇ ಅಕ್ರಿಲಿಕ್ ಆರಿಸಿ. ಉಳಿದ ಒಂದೆರಡು ಮೀಟರ್ ಉಲ್ಲನ್ನನ್ನೂ ಚೀಟಿಯ ಜೊತೆಗೇ ಸುತ್ತಿ ಕೊಡಿ, ಎಲ್ಲಾದರೂ ಎಳೆ ಕಿತ್ತರೆ ಅದೇ ಬಣ್ಣದಲ್ಲಿ ಹೊಲಿದುಕೊಳ್ಳಬಹುದು.