588 ಹರ್ಟ್ಸ್‌ಗೆ ನಾನು ಮಾಡಿದ ಅನ್ಯಾಯ: ಅತ್ತೆಯ ಹಾಡುಗಳ ಮಿಕ್ಸಿಂಗ್, ಮೂರನೆಯ ಟಿಪ್ಪಣಿ

ಮೂರು ಹಾಡುಗಳ ಮಿಕ್ಸಿಂಗ್, ಅಂದರೆ ರೆಕಾರ್ಡ್ ಮಾಡಿದ ದನಿಯನ್ನು ತಿದ್ದಿ ಹದಗೊಳಿಸುವ ಕೆಲಸ, ಮುಗಿಯಿತು ಎಂದು ಕಳೆದ ಬಾರಿ ಬರೆದಿದ್ದೆ. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ. ಮೂರನ್ನೂ ಮತ್ತೆ ಮೊದಲಿನಿಂದ ಮಾಡಬೇಕಾಗಿದೆ.

ಹೊಸದಾಗಿ ಓದುತ್ತಿರುವವರಿಗೆ: ಸೋದರತ್ತೆಯ ಬಾಯಲ್ಲಿ ಉಳಿದಿರುವ ಹದಿನಾಲ್ಕು ಮದುವೆ ಹಾಡುಗಳನ್ನು ರೆಕಾರ್ಡ್ ಮಾಡಿದ್ದೇನೆ. ಹಸೆಗೆ ಕರೆಯುವುದು, ಆರತಿ, ಬೀಗರನ್ನು ಹಾಸ್ಯ ಮಾಡುವುದು, ಹೀಗೆ. ಸ್ಟುಡಿಯೊ ಎಂದರೆ ಅವರ ಮನೆಯ ಹಿಂದಿನ ಕೋಣೆ. ಹತ್ತು ಅಡಿ ಉದ್ದ, ಒಂಬತ್ತು ಅಡಿ ಅಗಲ, ಒಳಗೆ ಒಂದು ಮಂಚ ಮತ್ತು ಒಂದು ಉಕ್ಕಿನ ಬೀರು. ಒಂದು ಕಂಡೆನ್ಸರ್ ಮೈಕ್, ಅದನ್ನು ಕಂಪ್ಯೂಟರಿಗೆ ಜೋಡಿಸುವ ಸಣ್ಣ ಇಂಟರ್‌ಫೇಸ್, ರೆಕಾರ್ಡಿಂಗಿಗೆ ರೀಪರ್ ತಂತ್ರಾಂಶ. ವಾದ್ಯಗಳಿಲ್ಲ, ಪಕ್ಕದಲ್ಲಿ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಮಾತ್ರ. ಅತ್ತೆಯದು ಐದರ ಶ್ರುತಿ, ಅಂದರೆ ಆಧಾರ ಸ್ವರವಾದ ಷಡ್ಜ ಸೆಕೆಂಡಿಗೆ 196 ಕಂಪನ, 196 ಹರ್ಟ್ಸ್. ಈ ಸಂಖ್ಯೆ ಮುಂದೆ ಬೇಕಾಗುತ್ತದೆ.

ಆದದ್ದು ಇಷ್ಟು. ದನಿಯಲ್ಲಿ ತೊಂದರೆ ಕೊಡುವ ಆವರ್ತನವನ್ನು ಹುಡುಕಲು ಎಲ್ಲರೂ ಹೇಳಿಕೊಡುವ ಉಪಾಯವೊಂದಿದೆ: ಬೇಕಾದ ಆವರ್ತನವನ್ನಷ್ಟೇ ಏರಿಸುವ, ಇಳಿಸುವ ಈಕ್ವಲೈಸರ್‌ನಲ್ಲಿ ಆವರ್ತನಗಳ ಕಿರಿದಾದ ಒಂದು ಪಟ್ಟಿ (ಬ್ಯಾಂಡ್) ತೆಗೆದುಕೊಂಡು 12 ಡೆಸಿಬೆಲ್ ಏರಿಸುವುದು, ಅದನ್ನು ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಎಳೆಯುತ್ತ ಹೋಗುವುದು, ಎಲ್ಲಿ ಕಿವಿಗೆ ಚುಚ್ಚುತ್ತದೆಯೋ ಅಲ್ಲಿ ನಿಂತು ಇಳಿಸುವುದು. ನಾನೂ ಎಳೆದೆ. 590ರ ಹತ್ತಿರ ತಗಡಿನ ಡಬ್ಬಿಯೊಳಗೆ ಕೂತು ಹಾಡಿದಂತಹ ಸದ್ದು ಬಂತು. ಆವರ್ತನಗಳನ್ನು ಚಿತ್ರವಾಗಿ ತೋರಿಸುವ ಅನಲೈಸರ್ ಪರದೆಯ ಮೇಲೂ ಅಲ್ಲಿಯೇ ಒಂದು ಮುಳ್ಳು ಎದ್ದು ನಿಂತಿತ್ತು. ಕಳ್ಳ ಸಿಕ್ಕಿಬಿದ್ದ ಎಂದುಕೊಂಡು 7 ಡೆಸಿಬೆಲ್ ಇಳಿಸಿ, ಮೂರು ಹಾಡುಗಳಿಗೂ ಅದೇ ಸೆಟ್ಟಿಂಗ್ ಅಂಟಿಸಿ, ವಾಟ್ಸಾಪ್‌ನಲ್ಲಿ ಅತ್ತೆಗೆ ಕಳುಹಿಸಿ ಮಲಗಿದೆ.

ಬೆಳಿಗ್ಗೆ ಫೋನ್ ಬಂತು. “ಎಲ್ಲ ಚೆನ್ನಾಗಿದೆಯೋ ತಮ್ಮಾ. ಆದರೆ ಸಾಲಿನ ಕೊನೆಗೆ ಷಡ್ಜಕ್ಕೆ ಬಂದು ಕೂತರೆ ಕೆಳಗೆ ಮಣೆಯೇ ಇಲ್ಲವಲ್ಲೋ.”

ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ನಿಜ. ಷಡ್ಜದಲ್ಲಿ ನಿಂತಾಗ ದನಿ ಟೊಳ್ಳು. ಪಂಚಮದಲ್ಲೂ ಅಷ್ಟೇ. ನಡುವಿನ ಸ್ವರಗಳು ಮಾತ್ರ ಎಂದಿನಂತೆ ತುಂಬಿಕೊಂಡಿವೆ. ಕಾಗದ ತೆಗೆದು ಲೆಕ್ಕ ಹಾಕಿದಾಗ ನಾಚಿಕೆಯಾಯಿತು. ದನಿಯ ಯಾವ ಸ್ವರದ ಜೊತೆಗೂ ಅದರ ಎರಡರಷ್ಟು, ಮೂರರಷ್ಟು ಆವರ್ತನಗಳೂ ನುಡಿಯುತ್ತಿರುತ್ತವೆ, ಅವೇ ಹಾರ್ಮೋನಿಕ್. ಷಡ್ಜ 196, ಅದರ ಮೂರನೆಯ ಹಾರ್ಮೋನಿಕ್ 588. ಪಂಚಮ 294, ಅದರ ಎರಡನೆಯದೂ 588. ಹಾಡು ಮತ್ತೆ ಮತ್ತೆ ಬಂದು ವಿಶ್ರಮಿಸುವ ಎರಡು ಸ್ವರಗಳ ಬಣ್ಣವನ್ನೇ ನಾನು ಕೆರೆದು ತೆಗೆದಿದ್ದೆ.

ಹಾಗಾದರೆ ಆ ಮುಳ್ಳು ಯಾಕಿತ್ತು? ಅತ್ತೆ ಉಸಿರು ಎಳೆದುಕೊಳ್ಳುವ ಕಡೆ ಹಾಡನ್ನು ನಿಲ್ಲಿಸಿ, ಅದೇ ಅರ್ಧ ಸೆಕೆಂಡನ್ನು ಲೂಪ್ ಮಾಡಿ ನೋಡಿದೆ. ಬಾಯಿ ಮುಚ್ಚಿದೆ, ಮುಳ್ಳು ಅಲ್ಲಿಯೇ ಇದೆ. ಶ್ರುತಿಪೆಟ್ಟಿಗೆ! ಮೈಕ್‌ನಿಂದ ಮೂರಡಿ ದೂರದಲ್ಲಿ, ಬೀರುವಿನ ಮೇಲೆ ಕೂತು, ಇಡೀ ಹಾಡಿನುದ್ದಕ್ಕೂ ಸ–ಪ ಎಂದು ಗೊಣಗುತ್ತಿದ್ದುದು ಅದೇ. ಡಬ್ಬಿಯ ಸದ್ದೂ ಅದರದ್ದೇ. ಅದು ಮಾಡಿದ ತಪ್ಪಿಗೆ ಅತ್ತೆಯ ಗಂಟಲಿಗೆ ದಂಡ ಹಾಕಿದ್ದೆ. ಇನ್ನು 12 ಡೆಸಿಬೆಲ್ ಏರಿಸಿ ಹುಡುಕುವ ಉಪಾಯದ ಬಗ್ಗೆ ನನ್ನ ಅಭಿಪ್ರಾಯ: ಅಷ್ಟು ಏರಿಸಿದರೆ ಯಾವ ಆವರ್ತನ ತಾನೇ ಸಭ್ಯವಾಗಿ ಕೇಳಿಸೀತು? ದೋಷ ಮೊದಲು ಕಿವಿಗೆ ಬಿದ್ದಿರಬೇಕು, ಆಮೇಲೆ ಅದರ ವಿಳಾಸ ಹುಡುಕಲು ಈ ಬ್ಯಾಂಡ್ ಸಾಕು.

ಈಗ ಬೇರೆ ರೀತಿ ಹುಡುಕುತ್ತಿದ್ದೇನೆ. ಏನನ್ನೂ ಏರಿಸದೆ ಹಾಡು ಕೇಳುತ್ತ, ಕಿರಿಕಿರಿಯಾದ ಕಡೆಯೆಲ್ಲ ಮಾರ್ಕರ್ ಹಾಕಿ, ಅಲ್ಲಿ ಯಾವ ಸ್ವರ ಇದೆ, ಯಾವ ಅಕ್ಷರ ಇದೆ ಎಂದು ಬರೆದುಕೊಳ್ಳುವುದು. ಸ್ವರ ಬದಲಾದಂತೆ ದೋಷವೂ ಜಾಗ ಬದಲಿಸಿದರೆ ಅದು ದನಿಯ ಸ್ವಭಾವ, ಅದನ್ನು ಮುಟ್ಟುವುದಿಲ್ಲ. ದೋಷ ಒಂದೇ ಕಡೆ ಬೇರೂರಿ ನಿಂತು, ಸ್ವರವೇ ಅದರ ಬಳಿಗೆ ಹೋದಾಗ ಉಬ್ಬಿದರೆ, ಸಾಮಾನ್ಯವಾಗಿ ಅದು ಕೋಣೆಯದ್ದು.

ಅಂಥದ್ದು ಒಂದು ನಿಜವಾಗಿಯೂ ಸಿಕ್ಕಿತು. ರಿಷಭ–ಗಾಂಧಾರಗಳ ನಡುವೆ ಓಡಾಡುವಾಗಲೆಲ್ಲ ದನಿ ಕೊಡದೊಳಗಿನಿಂದ ಬಂದಂತೆ ಗುಂಯ್‌ಗುಡುತ್ತಿತ್ತು. ಜಾಗ ಸುಮಾರು 228 ಹರ್ಟ್ಸ್. ಹತ್ತು ಅಡಿ ದೂರದ ಎರಡು ಗೋಡೆಗಳ ನಡುವೆ ಕಟ್ಟಿಕೊಳ್ಳುವ ಅನುರಣನ 57ರಲ್ಲಿ ಶುರುವಾಗಿ ಅದರ ಗುಣಕಗಳಲ್ಲಿ, 114, 171, 228ರಲ್ಲಿ ಬರುತ್ತದೆ. ಭಾನುವಾರ ಅಲ್ಲಿಗೇ ಹೋಗಿ, ಸ್ಪೀಕರ್‌ನಲ್ಲಿ 228ರ ಸೈನ್ ಸ್ವರ ನುಡಿಸಿ, ಮೈಕನ್ನು ಕೈಯಲ್ಲಿ ಹಿಡಿದು ಕೋಣೆಯಲ್ಲಿ ನಡೆದೆ. ನಾವು ಸ್ಟ್ಯಾಂಡ್ ಇಟ್ಟಿದ್ದ ಜಾಗದಲ್ಲಿ ಮೀಟರ್ ಮೇಲೆ ಜಿಗಿಯಿತು. ಒಂದು ಅಡಿ ಪಕ್ಕಕ್ಕೆ ಸರಿದರೆ ಕುಸಿಯಿತು. ಒಂದೇ ಒಂದು ಅಡಿ. ಬಾಗಿಲಲ್ಲಿ ನಿಂತಿದ್ದ ಅತ್ತೆ ಇದನ್ನು ನೋಡಿ, “ನೀರು ಹುಡುಕುವವರು ತೆಂಗಿನಕಾಯಿ ಹಿಡಿದು ನಡೆಯುವ ಹಾಗಿದೆ” ಎಂದು ನಕ್ಕರು.

ಆಗಿರುವ ರೆಕಾರ್ಡಿಂಗ್‌ಗಳಿಗೆ ಈ 228ನ್ನು ಯಾವಾಗಲೂ ಇಳಿಸಿಟ್ಟರೆ ಉಳಿದ ಸ್ವರಗಳು ಸೊರಗುತ್ತವೆ. ಆದ್ದರಿಂದ ಟಿಡಿಆರ್ ನೋವಾ ಎಂಬ ಉಚಿತ ಡೈನಾಮಿಕ್ ಈಕ್ವಲೈಸರ್ ಬಳಸಿದೆ. ದನಿ ಆ ಜಾಗದಲ್ಲಿ ಮಿತಿ ಮೀರಿದಾಗ ಮಾತ್ರ, ಹೆಚ್ಚೆಂದರೆ 4 ಡೆಸಿಬೆಲ್ ಅದುಮುತ್ತದೆ, ಬಿಟ್ಟ ಕೂಡಲೇ ಬಿಡುತ್ತದೆ. ಕೆಳಗಿನ ಆವರ್ತನಗಳಲ್ಲಿ ಸೇರಿಕೊಂಡ ಫ್ಯಾನಿನ ಗಾಳಿಗೆ, 50 ಹರ್ಟ್ಸ್ ಕರೆಂಟಿನ ಹಮ್‌ಗೆ ಹೈಪಾಸ್ ಫಿಲ್ಟರ್ (ಒಂದು ಮಿತಿಗಿಂತ ಕೆಳಗಿನ ಸದ್ದನ್ನು ತಗ್ಗಿಸುವಂಥದ್ದು) 100ರಲ್ಲಿದೆ. ಅತ್ತೆ ಇಳಿಯುವ ಅತಿ ಕೆಳಗಿನ ಸ್ವರ ಮಂದ್ರ ಪಂಚಮ, 147. ಫಿಲ್ಟರನ್ನು ಅದಕ್ಕಿಂತ ಮೇಲೆ ತಂದರೆ ಮತ್ತೆ ಫೋನ್ ಬರುತ್ತದೆ.

ಸಕಾರದ ಕಥೆ ಚಿಕ್ಕದು. ಚುಚ್ಚುವ ಸಕಾರವನ್ನು ತಗ್ಗಿಸುವ ಡಿ-ಎಸ್ಸರನ್ನು 7000 ಹರ್ಟ್ಸ್‌ನಲ್ಲಿ ಇಟ್ಟೆ. ‘ಸ’ ತಗ್ಗಿತು, ‘ಶ’ ಮಾತು ಕೇಳಲೇ ಇಲ್ಲ. ಅತ್ತೆ ಈ ಎರಡನ್ನೂ ಬೇರೆಬೇರೆಯಾಗಿ ಉಚ್ಚರಿಸುವ ಕಾಲದವರು, ಅವರ ‘ಶ’ದ ಸೀಟಿ 3500ರ ಸುತ್ತ ಇದೆ. ಹಟ ಹಿಡಿದು ಎರಡನ್ನೂ ಬಲವಾಗಿ ಅದುಮಿದಾಗ ಸರಸ್ವತಿ ‘ಥರಥ್ವತಿ’ ಆದಳು. ಎಲ್ಲವನ್ನೂ ತೆಗೆದುಹಾಕಿ, ಚುಚ್ಚುತ್ತಿದ್ದ ಹನ್ನೊಂದು ಅಕ್ಷರಗಳ ವಾಲ್ಯೂಮನ್ನು ಕೈಯಿಂದಲೇ ಇಳಿಸಿದೆ. ಇಪ್ಪತ್ತು ನಿಮಿಷದ ಕೆಲಸ.

ಒಂದು ವಿಷಯ ಬರೆಯುವುದು ಮರೆತೆ. ಈಕ್ವಲೈಸರ್ ಹಾಕಿದ್ದು, ತೆಗೆದದ್ದು ಎರಡನ್ನೂ ಹೋಲಿಸುವಾಗ ಒಟ್ಟು ಸದ್ದಿನ ಮಟ್ಟ ಒಂದೇ ಇರಬೇಕು. ಒಂದು ಡೆಸಿಬೆಲ್ ಜೋರಾಗಿದ್ದರೂ ಅದೇ ಚೆಂದ ಎಂದು ಕಿವಿ ತೀರ್ಪು ಕೊಟ್ಟುಬಿಡುತ್ತದೆ. ನನ್ನ ಮೊದಲ ಮೂರು ಮಿಕ್ಸ್‌ಗಳಲ್ಲಿ ಈ ಮೋಸವೂ ಸೇರಿತ್ತು.

ಈಗಿನ ಸ್ಥಿತಿ: ಐದು ಹಾಡು ಮುಗಿದಿವೆ, ಅತ್ತೆ ಒಪ್ಪಿದ್ದಾರೆ. ಮೂರು ಹಾಡುಗಳಲ್ಲಿ ಶ್ರುತಿಪೆಟ್ಟಿಗೆಯ ಸದ್ದು ಬಿಡಿಸಲಾಗದಷ್ಟು ಬೆರೆತಿದೆ, ಅವನ್ನು ಮೈಕ್ ಸರಿಸಿ ಮತ್ತೆ ಹಾಡಿಸಬೇಕು. ಶ್ರುತಿಯನ್ನು ಒಂದು ಕಿವಿಗೆ ಇಯರ್‌ಫೋನ್‌ನಲ್ಲಿ ಕೊಡುವುದೆಂದು ಮಾತಾಗಿದೆ. ಆರತಿ ಹಾಡಿನಲ್ಲಿ ತಾಳ ಹಾಕುವ ಕೈಯ ಗಾಜಿನ ಬಳೆಗಳು ದನಿಯ ಮೇಲೆಯೇ ಕಿಣಿಗುಟ್ಟುತ್ತವೆ. ಆ ಸದ್ದು ಅಷ್ಟು ಅಗಲಕ್ಕೆ ಹರಡಿಕೊಂಡಿದೆ, ಇಳಿಸಹೋದರೆ ದನಿಯ ಹೊಳಪೂ ಹೋಗುತ್ತದೆ. ಮತ್ತೆ ಹಾಡುವಾಗ ಬಳೆ ತೆಗೆದಿಡುತ್ತೀರಾ ಎಂದು ಕೇಳಿದೆ.

“ಬಳೆ ತೆಗೆದಿಟ್ಟು ಆರತಿ ಹಾಡುತ್ತಾರೇನೋ?” ಎಂದು ಗದರಿದರು.

ಬಳೆಯ ಸದ್ದನ್ನು ಹಾಗೆಯೇ ಬಿಟ್ಟಿದ್ದೇನೆ.